ಕೋಲ್ಕತ್ತದಲ್ಲಿ ಊಟವೂ ಬೇಕು, ಮಾತೂ ಕೇಳಿಸಬೇಕು

ಅಪ್ಪನಿಗೆ ಈಗ 77 ವರ್ಷ. ಎರಡು ಕಿವಿಗೂ ಮೆಷಿನ್ ಹಾಕಿಸಿ ನಾಲ್ಕು ವರ್ಷವಾಯಿತು. 1973ರಿಂದ ಮೂರು ವರ್ಷ ಅವರು ಕೋಲ್ಕತ್ತದಲ್ಲಿದ್ದರು. ಚೌರಂಗಿಯಲ್ಲಿ, ಮ್ಯೂಸಿಯಂ ಪಕ್ಕದ ಜಿಎಸ್‌ಐ ಕಚೇರಿಯಲ್ಲಿ ನಕ್ಷೆ ಬಿಡಿಸುವ ಕೆಲಸ. ಆಮೇಲೆ ಬೆಂಗಳೂರಿಗೆ ವರ್ಗವಾಯಿತು, ಮದುವೆಯಾಯಿತು, ನಾವು ಹುಟ್ಟಿದೆವು, ನಿವೃತ್ತರಾಗಿ ಮೈಸೂರು ಸೇರಿದರು. "ಇನ್ನೊಂದು ಸಲ ಆ ಊರು ನೋಡ್ಬೇಕು ಕಣೋ" ಅನ್ನುವುದು ಮಾತ್ರ ನಿಂತಿರಲಿಲ್ಲ. ಕಳೆದ ಡಿಸೆಂಬರಿನ ಮೊದಲ ವಾರ ಪುಣೆಯಿಂದ ನಾನು, ಮೈಸೂರಿನಿಂದ ಅಪ್ಪ ಅಮ್ಮ ಹೊರಟು ಕೋಲ್ಕತ್ತದಲ್ಲಿ ಸೇರಿದೆವು. ನಾಲ್ಕು ದಿನದ ಪ್ರವಾಸ.

ಮೊದಲ ಸಂಜೆಯೇ ನಾನು ಎಡವಿದೆ. ಫೋನಿನಲ್ಲಿ ಹುಡುಕಿ, ಹೆಚ್ಚು ನಕ್ಷತ್ರ ಬಿದ್ದಿದ್ದ ಒಂದು ರೆಸ್ಟೋರೆಂಟಿಗೆ ಶನಿವಾರ ರಾತ್ರಿ ಎಂಟೂವರೆಗೆ ಕರೆದುಕೊಂಡು ಹೋದೆ. ಊಟ ನಿಜಕ್ಕೂ ಚೆನ್ನಾಗಿತ್ತು. ಆದರೆ ತಲೆಯ ಮೇಲೆ ಸ್ಪೀಕರು, ಪಕ್ಕದಲ್ಲಿ ಹದಿನೈದು ಜನರ ಹುಟ್ಟುಹಬ್ಬದ ಪಾರ್ಟಿ. ಅಮ್ಮ "ರೀ, ಇನ್ನೊಂದು ರೋಟಿ ಹೇಳ್ಲಾ?" ಎಂದು ಮೂರು ಸಲ ಕೇಳಿದರು. ಅಪ್ಪ ಮೂರು ಸಲವೂ ನಕ್ಕು ತಲೆಯಾಡಿಸಿದರು. ಸ್ವಲ್ಪ ಹೊತ್ತಿಗೆ ಅವರ ಕೈ ಕಿವಿಯ ಹತ್ತಿರ ಹೋಯಿತು. ಮೆಷಿನ್ ಆಫ್ ಮಾಡಿ, ತಟ್ಟೆ ನೋಡಿಕೊಂಡು ಊಟ ಮುಗಿಸಿದರು. ರೂಮಿಗೆ ಬಂದ ಮೇಲೆ, "ಊಟ ಚೆನ್ನಾಗಿತ್ತಪ್ಪಾ. ನೀನು ಅಮ್ಮ ಏನೋ ಮಾತಾಡ್ತಿದ್ರಿ, ಅಲ್ವಾ?" ಎಂದು ಕೇಳಿದರು. ಅಷ್ಟು ದೂರ ಅವರನ್ನು ಕರೆದುಕೊಂಡು ಬಂದು, ಊಟದ ಮೇಜಿನಲ್ಲಿ ಒಂಟಿ ಮಾಡಿದ್ದೆ.

ನಮ್ಮಲ್ಲಿ ಬಹಳ ಜನರ ತಂದೆ ತಾಯಿ ಈಗ ಈ ವಯಸ್ಸಿನವರು. ವರ್ಷಕ್ಕೊಮ್ಮೆ ಅವರ ಜೊತೆ ಪ್ರವಾಸ ಹೋಗುತ್ತೇವೆ. ಟಿಕೆಟ್, ರೂಮು, ಗಾಲಿಕುರ್ಚಿ, ಮಾತ್ರೆ ಎಲ್ಲ ನೆನಪಿರುತ್ತದೆ. ಊಟದ ಜಾಗ ಎಷ್ಟು ಗಲಾಟೆಯದು ಎಂದು ಯಾರೂ ಕೇಳಿಕೊಳ್ಳುವುದಿಲ್ಲ. ಆ ರಾತ್ರಿ ನಿದ್ದೆ ಬಾರದೆ ನಾನು ಉಳಿದ ಮೂರು ದಿನದ ಊಟವನ್ನು ಹೊಸದಾಗಿ ಯೋಜಿಸಿದೆ. ಹಾಗೆ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಗಲಾಟೆ ಎಲ್ಲಿಂದ ಬರುತ್ತದೆ

ಇಬ್ಬರು ಎದುರುಬದುರು ಕೂತು ಆಡುವ ಸಾಮಾನ್ಯ ಮಾತು ಸುಮಾರು 60 ಡೆಸಿಬೆಲ್. ಸುತ್ತಲಿನ ಸದ್ದು ಅದನ್ನು ಮೀರಿದರೆ ನಾವು ಗೊತ್ತಿಲ್ಲದೆಯೇ ದನಿ ಏರಿಸುತ್ತೇವೆ. ಪಕ್ಕದ ಮೇಜಿನವರು ನಮಗಿಂತ ಜೋರಾಗಿ ಮಾತಾಡುತ್ತಾರೆ. ಫ್ರಾನ್ಸಿನ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ಇದನ್ನು ಗುರುತಿಸಿದ್ದರಿಂದ ಇದಕ್ಕೆ ಅವರದೇ ಹೆಸರಿದೆ. ತುಂಬಿದ ಹೋಟೆಲು ನಿಮಿಷ ನಿಮಿಷಕ್ಕೂ ಜೋರಾಗುವುದು ಇದರಿಂದಲೇ.

ಕಿವಿಯ ಮೆಷಿನ್ ಮಾತನ್ನಷ್ಟೇ ದೊಡ್ಡದು ಮಾಡುವುದಿಲ್ಲ. ಚಮಚದ ಸದ್ದು, ಕುರ್ಚಿ ಎಳೆಯುವ ಸದ್ದು, ಹಾಡು, ಎಲ್ಲವನ್ನೂ ಕಿವಿಯೊಳಗೆ ಸುರಿಯುತ್ತದೆ. ಈಗಿನ ಮೆಷಿನ್‌ಗಳು ಎದುರಿನ ಮಾತನ್ನು ಹೆಚ್ಚು ಹಿಡಿಯುತ್ತವೆ ನಿಜ, ಆದರೆ ಅವಕ್ಕೂ ಒಂದು ಮಿತಿ ಇದೆ.

ಗಾಜು, ಗ್ರಾನೈಟು, ಬರಿಯ ಕಾಂಕ್ರೀಟು ಸದ್ದನ್ನು ವಾಪಸು ಎಸೆಯುತ್ತವೆ. ಪರದೆ, ಮೇಜಿನ ಬಟ್ಟೆ, ಮೆತ್ತೆ ಹಾಕಿದ ಕುರ್ಚಿ, ಪುಸ್ತಕದ ಕಪಾಟು ಅದನ್ನು ಸ್ವಲ್ಪ ಹೀರಿಕೊಳ್ಳುತ್ತವೆ. ಆದ್ದರಿಂದ ಈಗ ನಾನು ನಕ್ಷತ್ರಕ್ಕಿಂತ ಮೊದಲು ಫೋಟೋ ನೋಡುತ್ತೇನೆ. ದೊಡ್ಡ ಹಾಲ್ ಒಂದೇ ಇದೆಯೋ, ಸಣ್ಣ ಸಣ್ಣ ಕೋಣೆಗಳಿವೆಯೋ? ಗೋಡೆಯಲ್ಲಿ ಟಿವಿ ಇದೆಯೋ? ಜನ ಬರೆದ ಅಭಿಪ್ರಾಯಗಳಲ್ಲಿ "ಮ್ಯೂಸಿಕ್", "ಕ್ರೌಡ್" ಎಂಬ ಪದ ಹುಡುಕಿ ಅಷ್ಟನ್ನೇ ಓದುತ್ತೇನೆ. ಕೊನೆಗೆ ಒಂದು ಫೋನ್ ಮಾಡಿ ಕೇಳುತ್ತೇನೆ: ಈ ಹೊತ್ತು ಹಾಡುಗಾರರಿದ್ದಾರಾ? ಮೂಲೆಯ ಮೇಜು ಸಿಗುತ್ತಾ?

ಕೋಲ್ಕತ್ತದ ಗಡಿಯಾರ

ಇಲ್ಲಿಯ ಜನ ತಡವಾಗಿ ಉಣ್ಣುತ್ತಾರೆ. ಮಧ್ಯಾಹ್ನ ಒಂದೂವರೆಯ ಮೇಲೆ, ರಾತ್ರಿ ಒಂಬತ್ತರ ಹೊತ್ತಿಗೆ ಹೋಟೆಲುಗಳು ತುಂಬುತ್ತವೆ. ನಮ್ಮ ಹಿರಿಯರಿಗೆ ಹಸಿವಾಗುವುದು ಹನ್ನೆರಡೂವರೆಗೆ, ಸಂಜೆ ಏಳಕ್ಕೆ. ಇದೇ ನಮ್ಮ ದೊಡ್ಡ ಅನುಕೂಲ. ಅದೇ ಅಡುಗೆ, ಅದೇ ಮೇಜು, ಒಂದು ಗಂಟೆ ಮೊದಲು ಹೋದರೆ ಬೇರೆಯೇ ಹೋಟೆಲು. ದುರ್ಗಾಪೂಜೆಯ ದಿನಗಳು, ಕ್ರಿಸ್ಮಸ್ ವಾರ ಮತ್ತು ಭಾನುವಾರದ ಮಧ್ಯಾಹ್ನಕ್ಕೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ.

ಪಾರ್ಕ್ ಸ್ಟ್ರೀಟ್ ಬಿಡಬೇಕಾಗಿಲ್ಲ, ಹೊತ್ತು ನೋಡಿ ಹೋಗಬೇಕು. ಟ್ರಿಂಕಾಸ್ ಹೆಸರಾದದ್ದೇ ಹಾಡಿಗೆ, ಉಷಾ ಉತ್ತುಪ್ ಹಾಡಿ ಬೆಳೆದ ಜಾಗ ಅದು. ಅಲ್ಲಿ ಸಂಜೆ ಮೌನ ಹುಡುಕುವುದು ಸಂತೆಯಲ್ಲಿ ಧ್ಯಾನಕ್ಕೆ ಕೂತ ಹಾಗೆ. ಪೀಟರ್ ಕ್ಯಾಟ್ ಹೊರಗೆ ಸರತಿ ನಿಲ್ಲುವುದು ಮಾಮೂಲಿ. 1927ರಿಂದ ಇರುವ ಫ್ಲರೀಸ್‌ಗೆ ಭಾನುವಾರ ಬಿಟ್ಟು ಬೇರೆ ದಿನ ಬೆಳಗ್ಗೆ ಬೇಗ ಹೋಗಿ. ನಾವು ಸೋಮವಾರ ಹೋದೆವು. ಕಿಟಕಿಯ ಪಕ್ಕ ಕೂತು ಅಪ್ಪ ಟೋಸ್ಟ್ ತಿನ್ನುತ್ತ, ಟ್ರಾಮ್ ಓಡಾಡುತ್ತಿದ್ದ ಬೀದಿಗಳ ಹೆಸರನ್ನೆಲ್ಲ ಹೇಳಿದರು.

ಕಾಲೇಜ್ ಸ್ಟ್ರೀಟಿನ ಕಾಫಿ ಹೌಸ್ ಗಲಾಟೆಯ ಜಾಗವೇ. ಆಲ್ಬರ್ಟ್ ಹಾಲ್‌ನಲ್ಲಿ 1942ರಲ್ಲಿ ಶುರುವಾದದ್ದು. ಎತ್ತರದ ಚಾವಣಿಯ ಕೆಳಗೆ ನೂರು ಜನ ಒಟ್ಟಿಗೆ ವಾದ ಮಾಡುತ್ತಿರುತ್ತಾರೆ, ಅದೇ ಅಲ್ಲಿಯ 'ಅಡ್ಡಾ'. ಹಾಗೆಂದು ತಪ್ಪಿಸಲು ಮನಸ್ಸಾಗಲಿಲ್ಲ. ಕಾಫಿ ಬೋರ್ಡ್ ತನ್ನ ಕಾಫಿ ಹೌಸ್‌ಗಳನ್ನು ಮುಚ್ಚಲು ಹೊರಟಾಗ ನೌಕರರೇ ಸಹಕಾರ ಸಂಘ ಕಟ್ಟಿಕೊಂಡು ಉಳಿಸಿಕೊಂಡ ಕಥೆ ನಮ್ಮದೂ ಹೌದು. ಅಂಥ ಮೊದಲ ಸಂಘ ಹುಟ್ಟಿದ್ದು 1957ರಲ್ಲಿ, ಬೆಂಗಳೂರಿನಲ್ಲಿ. ಬೆಳಗ್ಗೆ ಬಾಗಿಲು ತೆರೆದ ಹೊಸತರಲ್ಲಿ ಹೋದರೆ ಅರ್ಧ ಖಾಲಿ. 'ಇನ್ಫ್ಯೂಶನ್' ಎಂದರೆ ಹಾಲಿಲ್ಲದ ಕಾಫಿ. ಅಪ್ಪನೇ ಮೆಷಿನ್ ಸದ್ದು ತಗ್ಗಿಸಿಕೊಂಡು, "ಇಲ್ಲಿ ಕೇಳಿಸ್ದೆ ಇದ್ರೂ ಪರವಾಗಿಲ್ಲ, ನೋಡಿದ್ರೆ ಸಾಕು" ಎಂದರು. ಯಾವ ಗಲಾಟೆಗೆ ಒಪ್ಪುತ್ತೇವೆ ಎಂದು ಅವರೇ ಮೊದಲೇ ನಿರ್ಧರಿಸಿಕೊಂಡು ಹೋದರೆ ಅದು ಹಿಂಸೆಯಲ್ಲ.

ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ ಪ್ಯಾರಾಮೌಂಟ್ ಇದೆ, 1918ರ ಶರಬತ್ತಿನ ಅಂಗಡಿ. ಎಳನೀರಿನ 'ಡಾಬ್ ಶರಬತ್' ಕುಡಿದು ಹತ್ತು ನಿಮಿಷ ಕೂರಲು ಒಳ್ಳೆಯ ಜಾಗ. ತೆಂಗಿನ ಸೀಮೆಯವರಾದ ನಾವೂ ಮೆಚ್ಚಬಹುದಾದದ್ದು.

ಇಡ್ಲಿ ಸಾಂಬಾರಿನ ನೆನಪಾದರೆ ಲೇಕ್ ಮಾರ್ಕೆಟ್ ಕಡೆ ಹೋಗಿ. ದಕ್ಷಿಣದವರು ಹಿಂದಿನಿಂದಲೂ ನೆಲೆಸಿರುವ ಬಡಾವಣೆ ಅದು. ರಾಮಕೃಷ್ಣ ಲಂಚ್ ಹೋಮ್, ಬನಾನಾ ಲೀಫ್ ಎರಡೂ ಅಲ್ಲಿವೆ. ಸ್ಟೀಲ್ ಲೋಟ ತಟ್ಟೆಗಳ ಸದ್ದು ನಮ್ಮೂರಿನದೇ. ಕೈ ತೊಳೆಯುವ ಜಾಗ ಮತ್ತು ಅಡುಗೆಮನೆ ಬಾಗಿಲಿನಿಂದ ದೂರದ ಮೇಜು ಹಿಡಿಯಿರಿ, ಅಷ್ಟು ಸಾಕು.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ

'ನಿರಾಮಿಷ್' ಎಂದರೆ ಸಸ್ಯಾಹಾರ ಎಂದು ನಾವು ತಿಳಿಯುತ್ತೇವೆ. ಬಂಗಾಳಿಗಳಿಗೆ ಅದು ಈರುಳ್ಳಿ, ಬೆಳ್ಳುಳ್ಳಿ ಇಲ್ಲದ್ದು ಎಂಬ ಅರ್ಥವನ್ನೂ ಕೊಡುತ್ತದೆ. ಕಾಳಿಪೂಜೆಯ ಬಲಿಯ ಮಾಂಸವನ್ನು ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿ ಅದಕ್ಕೂ 'ನಿರಾಮಿಷ್ ಮಾಂಗ್ಶೊ' ಎನ್ನುತ್ತಾರೆ! ಹೆಸರುಬೇಳೆಗೆ ಮೀನಿನ ತಲೆ, ಸೋರೆಕಾಯಿ ಪಲ್ಯಕ್ಕೆ ಸೀಗಡಿ ಬೀಳುವುದು ಅವರ ಮನೆಯಡುಗೆಯ ಸಹಜ ಪದ್ಧತಿ. ಆದ್ದರಿಂದ "ಮಾಛ್, ಮಾಂಗ್ಶೊ, ಡಿಮ್ ಛಾಡಾ" ಎಂದು ಬಿಡಿಸಿ ಹೇಳಿ. ಮೀನು, ಮಾಂಸ, ಮೊಟ್ಟೆ ಬಿಟ್ಟು ಎಂದರ್ಥ.

ಹೀಗೆ ಹೇಳಿದ ಮೇಲೂ ಉಳಿಯುವುದು ಕಡಿಮೆಯೇನಲ್ಲ. ಊಟದ ಮೊದಲಿಗೆ ಹಾಗಲಕಾಯಿ ಹಾಕಿದ ಕಹಿಯ ಶುಕ್ತೊ, ಬಾಳೆಹೂವಿನ ಮೋಚಾರ್ ಘಂಟೊ, ಗಸಗಸೆ ಅರೆದು ಮಾಡುವ ಆಲೂ ಪೋಸ್ತೊ, ಕೊಬ್ಬರಿ ಚೂರು ಹಾಕಿದ ಕಡಲೆಬೇಳೆ ದಾಲ್ ಮತ್ತು ಲೂಚಿ. ಧೋಕಾರ್ ಡಾಲ್ನಾ ಎಂದರೆ ಕಡಲೆಬೇಳೆ ರುಬ್ಬಿ ಗಟ್ಟಿ ಮಾಡಿ, ತುಂಡು ಕತ್ತರಿಸಿ ಕರಿದು ಸಾರಿಗೆ ಬಿಟ್ಟದ್ದು. "ನಮ್ಮ ನುಚ್ಚಿನುಂಡೆಯ ದೂರದ ನೆಂಟ" ಎಂದರು ಅಮ್ಮ. ಚಳಿಗಾಲವಾದರೆ 'ನೊಲೆನ್ ಗುಡ್' ಎಂಬ ಹೊಸ ಈಚಲು ಬೆಲ್ಲದ ಸಂದೇಶ ಕೇಳಿ ತಿನ್ನಿ.

ಇನ್ನೆರಡು ವಾಕ್ಯ ಕಲಿತಿರಿ. "ಏಕ್ಟು ನಿರಿಬಿಲಿ ಟೇಬಿಲ್ ಪಾವಾ ಜಾಬೆ?" ಅಂದರೆ ಸ್ವಲ್ಪ ಗದ್ದಲವಿಲ್ಲದ ಮೇಜು ಸಿಗುತ್ತಾ ಎಂದು. "ಗಾನ್‌ಟಾ ಏಕ್ಟು ಆಸ್ತೆ ಕೊರ್ಬೇನ್?" ಅಂದರೆ ಹಾಡು ಸ್ವಲ್ಪ ಮೆಲ್ಲಗೆ ಮಾಡ್ತೀರಾ ಎಂದು. ಅಪ್ಪನ ಕಿವಿ ತೋರಿಸಿ ಕೇಳಿದಾಗ ಯಾರೂ ಇಲ್ಲ ಎನ್ನಲಿಲ್ಲ.

ಬ್ಯಾಲಿಗಂಜಿನ ಮಧ್ಯಾಹ್ನ

ನಾಲ್ಕನೆಯ ದಿನ '6 ಬ್ಯಾಲಿಗಂಜ್ ಪ್ಲೇಸ್'ಗೆ ಹೋದೆವು. ಹಳೆಯ ಬಂಗಲೆಯೊಂದರಲ್ಲಿ ನಡೆಯುವ ಬಂಗಾಳಿ ಊಟದ ರೆಸ್ಟೋರೆಂಟ್. ಮಂಗಳವಾರ, ಹನ್ನೆರಡೂವರೆ. ಹಿಂದಿನ ದಿನವೇ ಫೋನ್ ಮಾಡಿ ಮೂಲೆ ಕೇಳಿದ್ದೆ. ಅಪ್ಪನ ಬೆನ್ನಿಗೆ ಗೋಡೆ, ಎದುರಿಗೆ ನಾವಿಬ್ಬರು. ನಮ್ಮ ಮುಖ, ತುಟಿ ಅವರಿಗೆ ಚೆನ್ನಾಗಿ ಕಾಣುವ ಹಾಗೆ ಬೆಳಕು.

ದಾಲ್ ಬಂತು. ಅಪ್ಪ ಅದನ್ನೇ ನೋಡುತ್ತ ನಗತೊಡಗಿದರು. "ಏನ್ರೀ?" ಎಂದರು ಅಮ್ಮ. ಒಂದೇ ಸಲಕ್ಕೆ ಕೇಳಿಸಿತು.

ಆಗ ಬಂತು ಕಥೆ. ಆ ಕಾಲದಲ್ಲಿ ಅಪ್ಪ ಉಣ್ಣುತ್ತಿದ್ದದ್ದು 'ಪೈಸ್ ಹೋಟೆಲ್' ಒಂದರಲ್ಲಿ. ಒಂದು ಕಾಲಕ್ಕೆ ಪೈಸೆ ಲೆಕ್ಕದಲ್ಲಿ ಊಟ ಹಾಕುತ್ತಿದ್ದ ಹೋಟೆಲುಗಳಿಗೆ ಆ ಹೆಸರು. ಕೆಲವು ಇಂದಿಗೂ ಇವೆ. ಕಾಲೇಜ್ ಸ್ಟ್ರೀಟ್ ಬಳಿಯ ಸ್ವಾಧೀನ್ ಭಾರತ್ ಹಿಂದೂ ಹೋಟೆಲಿಗೆ ಸುಭಾಷ್‌ಚಂದ್ರ ಬೋಸರು ವಿದ್ಯಾರ್ಥಿಯಾಗಿದ್ದಾಗ ಬರುತ್ತಿದ್ದರೆಂಬ ಹೆಗ್ಗಳಿಕೆ ಇದೆ. ಅಲ್ಲಿ ಅನ್ನಕ್ಕೆ ಬೇರೆ, ದಾಲಿಗೆ ಬೇರೆ, ಬಾಳೆಎಲೆಗೂ ಬೇರೆ ದುಡ್ಡು. ತಂಗಿಯ ಮದುವೆಗೆ ಹಣ ಕಳಿಸಬೇಕಿದ್ದ ಅಪ್ಪ ಅನ್ನ, ದಾಲ್ ಎರಡೇ ಹೇಳುತ್ತಿದ್ದರಂತೆ. ಒಂದು ದಿನ ದಾಲ್ ಎಂದಿಗಿಂತ ರುಚಿಯಾಗಿತ್ತು. ಎರಡನೇ ಸಲ ಹಾಕಿಸಿಕೊಂಡು ಕಲಸುವಾಗ ಬೆರಳಿಗೆ ಸಿಕ್ಕಿದ್ದು ಮೀನಿನ ತಲೆ.

"ಎದ್ದು ಹೋದ್ರಾ?" ಎಂದರು ಅಮ್ಮ, ಕಣ್ಣು ಅಗಲಿಸಿ.

"ತಲೆ ಎತ್ತಿ ಪಕ್ಕಕ್ಕಿಟ್ಟು ಅನ್ನ ಮುಗಿಸ್ದೆ. ದುಡ್ಡು ಕೊಟ್ಟಿದ್ದೆನಲ್ಲೇ. ಅಮ್ಮಂಗೆ ಮಾತ್ರ ಕಾಗದದಲ್ಲಿ 'ಊಟಕ್ಕೆ ತೊಂದರೆ ಇಲ್ಲ' ಅಂತ ಬರೆದೆ."

ನಮ್ಮ ಅಜ್ಜಿ ಎಂಥ ಮಡಿಯವರೆಂದು ಗೊತ್ತಿದ್ದ ಅಮ್ಮ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಐವತ್ತು ವರ್ಷ ಯಾರಿಗೂ ಹೇಳದ ಕಥೆ ಅದು.

ಅದಕ್ಕಿಂತ ನನಗೆ ಮುಖ್ಯವಾದದ್ದು ಆಮೇಲಿನದು. ಅಪ್ಪ ನನ್ನ ಕಡೆ ತಿರುಗಿ ಕೇಳತೊಡಗಿದರು. ಪುಣೆಯಲ್ಲಿ ಮನೆ ತಗೋಳೋ ವಿಚಾರ ಏನಾಯ್ತು? ಮಗಳು ಕನ್ನಡ ಓದ್ತಾಳಾ? ಕೆಲಸದಲ್ಲಿ ಯಾಕೋ ಬೇಜಾರಿದ್ದ ಹಾಗಿದೆ? ಫೋನಿನಲ್ಲಿ ಅವರು "ಆರಾಮಾ? ಅಮ್ಮಂಗೆ ಕೊಡ್ತೀನಿ" ಎಂದು ಎರಡೇ ಮಾತಿಗೆ ಮುಗಿಸುತ್ತಾರೆ. ನನ್ನ ಬಗ್ಗೆ ಆಸಕ್ತಿ ಕಡಿಮೆಯಾಗಿದೆ ಎಂದುಕೊಂಡಿದ್ದೆ. ಉತ್ತರ ಕೇಳಿಸದೇ ಹೋದರೆ ಎಂಬ ಅಂಜಿಕೆಗೆ ಪ್ರಶ್ನೆ ಕೇಳುವುದನ್ನೇ ಬಿಟ್ಟಿದ್ದರು ಎಂದು ಆ ಮೇಜಿನಲ್ಲಿ ತಿಳಿಯಿತು.

ಒಂದೂವರೆ ದಾಟುತ್ತಿದ್ದಂತೆ ಜನ ಬರತೊಡಗಿದರು, ಸದ್ದು ಏರಿತು. ಮಿಷ್ಟಿ ದೊಯಿ ಮುಗಿಸಿ ಎದ್ದೆವು. ಮಾತು ಮುಗಿದಿರಲಿಲ್ಲ. ಢಾಕುರಿಯಾದ ದಕ್ಷಿಣಾಪಣ್ ಮಳಿಗೆಗಳ ನಡುವೆ, ಟೀ ರುಚಿ ನೋಡುವುದರಲ್ಲಿ ಹೆಸರಾದ ಡಾಲಿ ರಾಯ್ ಆರಂಭಿಸಿದ 'ಡಾಲೀಸ್' ಎಂಬ ಪುಟ್ಟ ಟೀ ಅಂಗಡಿ ಇದೆ. ಅಲ್ಲಿ ಡಾರ್ಜಿಲಿಂಗ್ ಟೀ ಹೇಳಿ, ಉಳಿದ ಪ್ರಶ್ನೆಗಳಿಗೆ ಉತ್ತರ ಕೊಟ್ಟೆ.

ಮುಂದಿನ ಸಲ ಅಪ್ಪ ಅಮ್ಮನ ಜೊತೆ ಯಾವ ಊರಿಗೆ ಹೋದರೂ ಒಂದು ಊಟವನ್ನಾದರೂ ಹೀಗೆ ಕಾದಿರಿಸಿ. ಒಂದು ಗಂಟೆ ಬೇಗ ಹೋಗಿ, ಮೂಲೆ ಹಿಡಿದು ಕೂತು, ಅವರು ಏನು ಕೇಳುತ್ತಾರೋ ಕಾಯಿರಿ.