ಫಿಲ್ಮಿನ ಕಪ್ಪು ಕಂಪ್ಯೂಟರಿಗೆ ಇಳಿಯುವಾಗ

ಎದೆಯ ಎಕ್ಸ್‌ರೇ ಫಿಲ್ಮನ್ನು ಕಿಟಕಿಗೋ ಟ್ಯೂಬ್‌ಲೈಟಿಗೋ ಹಿಡಿದು, ಮೊಬೈಲಿನಲ್ಲಿ ಫೋಟೊ ತೆಗೆದು, ದೂರದೂರಿನ ಡಾಕ್ಟರಿಗೆ ವಾಟ್ಸ್ಯಾಪ್ ಮಾಡುವುದು ಈಗ ಮಾಮೂಲು. ಎರಡು ತುಂಡಾದ ಮೂಳೆಯಾದರೆ ಅದರಲ್ಲೂ ಕಂಡೀತು. ಆದರೆ ಶ್ವಾಸಕೋಶದ ಹೊರಗೆ ಗಾಳಿ ಸೇರಿಕೊಂಡಿದ್ದರೆ ಫಿಲ್ಮಿನಲ್ಲಿ ಅದರ ಗುರುತು ಕೂದಲೆಳೆಯಷ್ಟು ತೆಳುವಾದ ಬಿಳಿ ಗೆರೆ. ಗೆರೆಯಾಚೆ ರಕ್ತನಾಳದ ಸುಳಿವಿಲ್ಲದ ಕಪ್ಪು. ಇಂಥ ಗೆರೆ ಫೋಟೊದಲ್ಲಿ ಸುಲಭವಾಗಿ ಅಳಿಸಿಹೋಗುತ್ತದೆ.

ಫಿಲ್ಮಿನ ಕಪ್ಪಿಗೂ ಅಳತೆಯುಂಟು. ಸಾಂದ್ರತೆ 1 ಇದ್ದಲ್ಲಿ ಬಿದ್ದ ಬೆಳಕಿನ ಹತ್ತನೇ ಒಂದು ಪಾಲು ಆಚೆ ದಾಟುತ್ತದೆ, 2 ಇದ್ದಲ್ಲಿ ನೂರನೇ ಒಂದು, 3 ಇದ್ದಲ್ಲಿ ಸಾವಿರನೇ ಒಂದು. ಆ ಕಡುಗಪ್ಪಿನಲ್ಲೂ ರೋಗದ ಸುದ್ದಿ ಇರಬಹುದು. ರೇಡಿಯಾಲಜಿಸ್ಟರು ಪ್ರಖರ ದೀಪ ಹಾಕಿ ಅದನ್ನು ಹುಡುಕುತ್ತಾರೆ. ಕಾಗದದ ಸ್ಕ್ಯಾನರ್ ಹಿಡಿಯುವುದು ಮೇಲ್ಮೈಯಿಂದ ಮರಳಿದ ಬೆಳಕನ್ನು. ಫಿಲ್ಮಿಗೆ ಬೇಕಾದದ್ದು ಒಳಹಾಯ್ದು ಬಂದ ಬೆಳಕಿನ ಲೆಕ್ಕ. ಅದಕ್ಕೆಂದೇ ಇರುವ ಲೇಸರ್ ಡಿಜಿಟೈಸರ್, ಸಣ್ಣ ಕಿರಣವನ್ನು ಫಿಲ್ಮಿನುದ್ದಕ್ಕೂ ಹರಿಸಿ ಚುಕ್ಕಿ ಚುಕ್ಕಿಯಲ್ಲೂ ದಾಟಿದ ಬೆಳಕನ್ನು ಅಳೆಯುತ್ತದೆ.

ಈ ಕೆಲಸ ಎಷ್ಟು ಅಚ್ಚುಕಟ್ಟಾಗಿ ನಡೆಯಬಹುದು ಎಂಬುದಕ್ಕೆ ಜಪಾನಿನ ರೇಡಿಯಾಲಜಿ ತಂತ್ರಜ್ಞಾನ ಸಂಘದ ಸಂಗ್ರಹ ಸಾಕ್ಷಿ. ಎದೆಯ 247 ಫಿಲ್ಮುಗಳನ್ನು ಅದು ಹೀಗೆ ಡಿಜಿಟಲ್ ಮಾಡಿಸಿತು. 154ರಲ್ಲಿ ಶ್ವಾಸಕೋಶದ ಗಂಟುಗಳಿದ್ದವು, ಕೆಲವಂತೂ ಕಣ್ಣಿಗೆ ಸಿಗುವುದೇ ಕಷ್ಟ. ಒಂದೊಂದು ಚುಕ್ಕಿಯ ಅಗಲ 0.175 ಮಿ.ಮೀ., ಅಡ್ಡಕ್ಕೂ ಉದ್ದಕ್ಕೂ 2048 ಚುಕ್ಕಿ, ಕಪ್ಪು ಬಿಳುಪಿನ ನಡುವೆ 4096 ಛಾಯೆ. ಸಂಶೋಧಕರು ಆ ಚಿತ್ರಗಳನ್ನು ಇಂದಿಗೂ ಬಳಸುತ್ತಾರೆ.

ಚುಕ್ಕಿಗಳ ಬಗ್ಗೆ ಎಲ್ಲರೂ ವಿಚಾರಿಸುತ್ತಾರೆ, ಛಾಯೆಗಳ ಬಗ್ಗೆ ಕೇಳುವವರು ಕಡಿಮೆ. ಮಾಮೂಲಿ ಜೆಪೆಗ್ ಚಿತ್ರದಲ್ಲಿ ಬೂದುಬಣ್ಣದ ಛಾಯೆಗಳು 256 ಮಾತ್ರ. ಕಪ್ಪು ಭಾಗವನ್ನು ನೋಡಲು ಬ್ರೈಟ್‌ನೆಸ್ ಏರಿಸಿದರೆ ಪಟ್ಟೆಗಳು ಏಳುತ್ತವೆಯೇ ಹೊರತು ಮರೆಯಾದ ಗೆರೆ ಬರುವುದಿಲ್ಲ. ಸ್ಕ್ಯಾನರ್ ಅಳೆಯದೇ ಬಿಟ್ಟದ್ದನ್ನು ಯಾವ ಸಾಫ್ಟ್‌ವೇರೂ ಮರಳಿ ತರಲಾರದು.

ಬೇರೆ ತೊಡಕುಗಳೂ ಇವೆ. ಎಕ್ಸ್‌ರೇ ತೆಗೆಯುವಾಗ ಚದುರಿದ ಕಿರಣ ತಡೆಯಲು ಇಡುವ ಗ್ರಿಡ್ಡಿನ ಸೂಕ್ಷ್ಮ ಗೆರೆಗಳು ಸ್ಕ್ಯಾನರಿನ ಚುಕ್ಕಿಗಳಿಗೆ ತಾಳೆಯಾಗದಿದ್ದರೆ ಚಿತ್ರದ ತುಂಬ ಇಲ್ಲದ ಅಲೆಗಳು ಮೂಡುತ್ತವೆ. ಸ್ತನದ ಎಕ್ಸ್‌ರೇಯಲ್ಲಿ ಕ್ಯಾನ್ಸರಿನ ಮುನ್ಸೂಚನೆ ಆಗಬಹುದಾದ ಸುಣ್ಣದ ಕಣಗಳು ಅರ್ಧ ಮಿಲಿಮೀಟರಿಗಿಂತ ಚಿಕ್ಕವು. ಎಕ್ಸ್‌ರೇ ತೆಗೆಯುವಾಗ ಫಿಲ್ಮಿಗಂಟಿದ್ದ ಧೂಳೂ ಹಾಗೆಯೇ ಬಿಳಿ ಚುಕ್ಕಿಯಾಗಿ ಕೂರುತ್ತದೆ. ಮಗುಚಿ ಹಾಕಿದ ಫಿಲ್ಮಿನಲ್ಲಿ ಹೃದಯ ಬಲಕ್ಕೆ ಹೋಗುತ್ತದೆ. ಆದ್ದರಿಂದ ಮೂಲೆಯ ‘ಎಲ್’ ಅಥವಾ ‘ಆರ್’ ಗುರುತು ನೇರವಾಗಿ ಓದಲು ಬರುತ್ತದೆಯೇ ಎಂದು ನೋಡಿಕೊಳ್ಳಬೇಕು, ಡಾಕ್ಟರು ಪರದೆಯ ಚಿತ್ರವನ್ನು ಫಿಲ್ಮಿನ ಜೊತೆಗಿಟ್ಟು ಹೋಲಿಸುವ ತನಕ ಮೂಲ ಫಿಲ್ಮನ್ನು ಎಸೆಯಬಾರದು.