ಕೃಷ್ಣಾ ತೀರದ ಕಾಕಂಬಿ: ಮೇಪಲ್ ಸಿರಪ್ಪಿಗೆ ಸರಿಸಾಟಿಯಾದ ಗಾಣದ ಪಾಕ

ಕಬ್ಬಿನ ಹಾಲು ಕುದಿದು ಬೆಲ್ಲವಾಗುವ ಹಾದಿಯಲ್ಲಿ, ಗಟ್ಟಿಯಾಗುವ ಹದಕ್ಕೆ ಇನ್ನೂ ಸ್ವಲ್ಪ ದೂರವಿರುವಾಗಲೇ ಒಲೆಯಿಂದ ಇಳಿಸಿದ ಪಾಕವೇ ಕಾಕಂಬಿ. ಮಲೆನಾಡು ಮತ್ತು ಉತ್ತರ ಕನ್ನಡದ ಆಲೆಮನೆಗಳಲ್ಲಿ ಇದು ಜೋನಿ ಬೆಲ್ಲ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳಲ್ಲಿ ಕೃಷ್ಣೆ ಮತ್ತು ಘಟಪ್ರಭೆಯ ದಂಡೆಯ ಗಾಣಗಳಲ್ಲಿ ಹಂಗಾಮು ಶುರುವಾದಾಗ ಮನೆಮನೆಯ ಬರಣಿ ತುಂಬುವುದು ಇದೇ ಹೊಂಬಣ್ಣದ ಪಾಕದಿಂದ. ಸಕ್ಕರೆ ಕಾರ್ಖಾನೆಯಿಂದ ಡಿಸ್ಟಿಲರಿಗೆ ಹೋಗುವ ಕಪ್ಪು ಮೊಲಾಸಿಸ್ಸಿಗೂ ಇದೇ ಹೆಸರು ಬಳಕೆಯಲ್ಲಿದೆ. ಆದರೆ ಅದು ಸಕ್ಕರೆಯ ಹರಳನ್ನೆಲ್ಲ ತೆಗೆದ ಮೇಲೆ ಉಳಿಯುವ ಶೇಷ. ಗಾಣದ ಕಾಕಂಬಿಯಲ್ಲಿ ಕಬ್ಬಿನ ಸಿಹಿ ಪೂರ್ತಿಯಾಗಿ ಉಳಿದಿರುತ್ತದೆ. ಹೊರಗೆ ಹೋಗಿರುವುದು ನೀರು ಮತ್ತು ಕೊಳೆ ಮಾತ್ರ.

ಅಮೆರಿಕ, ಕೆನಡಾಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳು ಅಲ್ಲಿನ ಅಂಗಡಿಯಲ್ಲಿ ಮೊದಲ ಸಲ ಮೇಪಲ್ ಸಿರಪ್ಪನ್ನು ಕಂಡಾಗ ಅದು ಪೂರ್ತಿ ಅಪರಿಚಿತವೆನಿಸದಿರಲು ಕಾರಣವಿದೆ. ಮೇಪಲ್ ಮರದ ರಸವನ್ನು ಕುದಿಸುವ ವಿಧಾನಕ್ಕೂ ಕಬ್ಬಿನ ಹಾಲನ್ನು ಕುದಿಸುವ ವಿಧಾನಕ್ಕೂ ಮೂಲದಲ್ಲಿ ವ್ಯತ್ಯಾಸವಿಲ್ಲ. ಮೇಪಲ್ ರಸ ಸುಮಾರು 104 ಡಿಗ್ರಿ ಸೆಲ್ಸಿಯಸ್ಸಿಗೆ ಬಂದಾಗ ಸಿರಪ್ ಸಿದ್ಧ. ಕಾಕಂಬಿಯನ್ನು ಇಳಿಸುವ ಹದವೂ 103ರಿಂದ 106 ಡಿಗ್ರಿಯ ನಡುವೆಯೇ ಇದೆ. ಇದು ಕಾಕತಾಳೀಯವಲ್ಲ. ಪಾಕದಲ್ಲಿ ಸಿಹಿಯ ಪಾಲು ಹೆಚ್ಚಿದಷ್ಟೂ ಅದು ಕುದಿಯುವ ಉಷ್ಣತೆ ಏರುತ್ತದೆ. ಮೂರರಲ್ಲಿ ಎರಡು ಪಾಲಿನಷ್ಟು ಸಕ್ಕರೆ ಇರುವ ಯಾವುದೇ ಪಾಕ ಹೆಚ್ಚುಕಡಿಮೆ ಈ ಹಂತದಲ್ಲೇ ಕುದಿಯುತ್ತದೆ. ವ್ಯತ್ಯಾಸವಿರುವುದು ಕಚ್ಚಾ ರಸದಲ್ಲಿ. ಮೇಪಲ್ ರಸದಲ್ಲಿ ಸಕ್ಕರೆ ಶೇ 2ರ ಆಸುಪಾಸು ಇರುವುದರಿಂದ ಒಂದು ಲೀಟರ್ ಸಿರಪ್ಪಿಗೆ ಸುಮಾರು 40 ಲೀಟರ್ ರಸ ಬೇಕು. ಕಬ್ಬಿನ ಹಾಲಿನಲ್ಲಿ ಅದರ ಏಳೆಂಟು ಪಟ್ಟು ಸಿಹಿ ಇರುತ್ತದೆ.

ಈ ಸೀಮೆ ಮೊದಲಿನಿಂದಲೂ ಇಷ್ಟು ಕಬ್ಬಿನ ನಾಡಾಗಿರಲಿಲ್ಲ. ಮಳೆ ಕಡಿಮೆ ಬೀಳುವ ಕಪ್ಪು ಎರೆ ನೆಲ. ಜೋಳ, ಗೋಧಿ, ಕಡಲೆಯ ಬೇಸಾಯ. ಕೃಷ್ಣೆ ಮಳೆಗಾಲದಲ್ಲಿ ದಂಡೆ ಮೀರಿ ಹರಿದು ಬೇಸಿಗೆಗೆ ಬತ್ತುತ್ತಿತ್ತು. ನದಿಗೆ ಪಂಪು ಇಟ್ಟವರಿಗೂ ಬೆಳೆಯ ಕೊನೆಯ ತಿಂಗಳುಗಳಲ್ಲಿ ನೀರು ಸಿಗದ ಸ್ಥಿತಿ. ಆಗ ಚಿಕ್ಕಪಡಸಲಗಿಯಲ್ಲಿ ರೈತರೇ ಹಣ ಕೂಡಿಸಿ, ತಾವೇ ಕಲ್ಲುಮಣ್ಣು ಹೊತ್ತು ನದಿಗೆ ಅಡ್ಡಲಾಗಿ ಬ್ಯಾರೇಜು ಕಟ್ಟಿದರು. 1989ರಲ್ಲಿ ಎದ್ದು ನಿಂತ ಅದಕ್ಕೆ ಶ್ರಮಬಿಂದು ಸಾಗರ ಎಂದು ಹೆಸರಾಯಿತು. ಕೃಷ್ಣಾ ತೀರ ರೈತ ಸಂಘದ ಮುಂದಾಳಾಗಿ ಈ ಕೆಲಸ ನಡೆಸಿದ ಸಿದ್ದು ನ್ಯಾಮಗೌಡ ಮುಂದೆ ‘ಬ್ಯಾರೇಜ್ ಸಿದ್ದು’ ಎಂದೇ ಪ್ರಸಿದ್ಧರಾದರು. 1991ರಲ್ಲಿ ಬಾಗಲಕೋಟೆಯಿಂದ ಲೋಕಸಭೆಗೆ ಆರಿಸಿ ಬಂದು ಕೇಂದ್ರದಲ್ಲಿ ಸಚಿವರೂ ಆದರು. ಸರ್ಕಾರದ ದಾರಿ ಕಾಯದೆ ಜನರೇ ದೊಡ್ಡ ನದಿಯೊಂದಕ್ಕೆ ಕಟ್ಟಿದ ಈ ಒಡ್ಡು ಕರ್ನಾಟಕದ ನೀರಾವರಿ ಚರಿತ್ರೆಯಲ್ಲಿ ಸಿಕ್ಕಿರುವುದಕ್ಕಿಂತ ದೊಡ್ಡ ಜಾಗಕ್ಕೆ ಅರ್ಹ. ಬೇಸಿಗೆಯಲ್ಲೂ ನೀರು ನಿಂತದ್ದರಿಂದ, ಹನ್ನೆರಡು ತಿಂಗಳು ಹೊಲದಲ್ಲಿ ನಿಲ್ಲುವ ಕಬ್ಬು ದಂಡೆಯ ಎರಡೂ ಬದಿಗೆ ಹರಡಿತು.

ಕಬ್ಬಿನ ಹಿಂದೆಯೇ ಕಾರ್ಖಾನೆಗಳು ಬೆಳೆದವು. ಮಹಾಲಿಂಗಪುರದ ಸಮೀಪದ ಸಮೀರವಾಡಿ, ಜಮಖಂಡಿ ತಾಲ್ಲೂಕಿನ ಹಿರೇಪಡಸಲಗಿ, ಮುಧೋಳ – ಈ ಊರುಗಳ ಚಿಮಣಿಗಳು ಇವತ್ತು ಪ್ರದೇಶದ ಬಹುಪಾಲು ಕಬ್ಬನ್ನು ನುಂಗುತ್ತವೆ. ಆದರೂ ಗಾಣ ಉಳಿದಿದೆ. ಮಹಾಲಿಂಗಪುರದ ಬೆಲ್ಲದ ಪೇಟೆ ಅದಕ್ಕೆ ದೊಡ್ಡ ಆಧಾರ. ಸುತ್ತಲಿನ ಗಾಣಗಳ ಪೆಂಟಿಗಳು, ಅಂದರೆ ಗಟ್ಟಿ ಬೆಲ್ಲದ ಅಚ್ಚುಗಳು, ಅಲ್ಲಿ ಸವಾಲಿಗೆ ಬಂದು ಹೊರರಾಜ್ಯಗಳಿಗೆ ಹೋಗುತ್ತವೆ. ಕಾರ್ಖಾನೆಯ ಕಟಾವಿನ ಸರದಿ ತಡವಾದಾಗ, ಬಿಲ್ಲು ಕೈಸೇರದಿದ್ದಾಗ, ಬೆಲ್ಲದ ದರ ಏರಿದಾಗ ರೈತ ಗಾಣದ ಕಡೆ ಹೊರಳುತ್ತಾನೆ.

ಒಳ್ಳೆಯ ಕಾಕಂಬಿ ಹೊಲದಲ್ಲೇ ಆರಂಭವಾಗುತ್ತದೆ. ಈ ಭಾಗದಲ್ಲಿ ಹೆಚ್ಚು ಕಾಣುವ ತಳಿ ಕೊಯಮತ್ತೂರಿನ ಕಬ್ಬು ತಳಿ ಅಭಿವೃದ್ಧಿ ಸಂಸ್ಥೆಯ ಕೋ 86032. ಬೇಗ ಮಾಗುವ, ಸಿಹಿ ಜಾಸ್ತಿಯಿರುವ ಕೋಸಿ 671 ಬೆಲ್ಲಕ್ಕೆ ಹೆಸರಾದ ಹಳೆಯ ತಳಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಸಂಕೇಶ್ವರ ಸಂಶೋಧನಾ ಕೇಂದ್ರದಿಂದಲೂ ಹೊಸ ತಳಿಗಳು ಬಂದಿವೆ. ಆದರೆ ತಳಿಗಿಂತ ಹೆಚ್ಚಾಗಿ ರುಚಿಯನ್ನು ನಿರ್ಧರಿಸುವುದು ನೆಲ ಮತ್ತು ನೀರು. ಕಪ್ಪು ನೆಲಕ್ಕೆ ವರ್ಷಗಟ್ಟಲೆ ನೀರು ಹಾಯಿಸಿದರೆ, ಬಸಿದು ಹೋಗಲು ದಾರಿಯಿಲ್ಲದೆ ಉಪ್ಪು ಮೇಲೆ ಬರುತ್ತದೆ. ಕೃಷ್ಣಾ, ಘಟಪ್ರಭಾ ತೀರದ ರೈತರಿಗೆ ಸವಳು-ಜವಳು ಎಂಬ ಈ ಪಿಡುಗು ಚೆನ್ನಾಗಿ ಗೊತ್ತು. ಸವಳು ನೆಲದ ಕಬ್ಬಿನ ಪಾಕಕ್ಕೆ ಉಪ್ಪಿನ ಸೊಗಡು ಬರುತ್ತದೆ, ಬೆಲ್ಲ ಗಟ್ಟಿ ನಿಲ್ಲದೆ ಬೆವರುತ್ತದೆ. ಯೂರಿಯಾ ಅತಿಯಾದರೂ ಪರಿಣಾಮ ಹೆಚ್ಚುಕಡಿಮೆ ಇದೇ. ನೀರು ತಂದ ಸಮೃದ್ಧಿಯ ಇನ್ನೊಂದು ಮುಖವಿದು. ಬಸಿಗಾಲುವೆ ತೆಗೆಸಿದ, ಕೊಟ್ಟಿಗೆ ಗೊಬ್ಬರ ಹಾಕಿದ ಹೊಲದ ಕಬ್ಬಿಗೆ ಗಾಣದವರು ಮೊದಲ ಮರ್ಯಾದೆ ಕೊಡುವುದು ಈ ಕಾರಣಕ್ಕೆ.

ಕಡಿದ ಕಬ್ಬನ್ನು ಒಂದು ದಿನದೊಳಗೆ ಅರೆಯಬೇಕು. ತಡವಾದಷ್ಟೂ ಕಬ್ಬಿನೊಳಗಿನ ಸಕ್ಕರೆ ಒಡೆಯುತ್ತ ಹೋಗಿ ಬೆಲ್ಲ ಕಟ್ಟುವುದಿಲ್ಲ. ಒಂದು ಕಾಲಕ್ಕೆ ಎತ್ತು ತಿರುಗಿಸುತ್ತಿದ್ದ ಗಾಣಕ್ಕೆ ನಂತರ ಡೀಸೆಲ್ ಎಂಜಿನ್ ಬಂತು, ಈಗ ಕರೆಂಟಿನ ಮೋಟರು. ಹಾಲು ಬಟ್ಟೆಯಲ್ಲಿ ಸೋಸಿ, ತೊಟ್ಟಿಯಲ್ಲಿ ತಿಳಿಯಾಗಿ ಕೊಪ್ಪರಿಗೆಗೆ ಬೀಳುತ್ತದೆ. ಕೆಳಗಿನ ಒಲೆಗೆ ಉರುವಲು ಅದೇ ಕಬ್ಬಿನ ಒಣಗಿದ ಸಿಪ್ಪೆ. ಹೊರಗಿನಿಂದ ಕಟ್ಟಿಗೆಯಾಗಲಿ ಕಲ್ಲಿದ್ದಲಾಗಲಿ ಬೇಕಿಲ್ಲ.

ಹಾಲು ಬಿಸಿಯಾಗುತ್ತಿದ್ದಂತೆ ಹಸಿರು ಮಿಶ್ರಿತ ಕಪ್ಪು ಕೊಳೆ ನೊರೆಯೊಂದಿಗೆ ಮೇಲೇಳುತ್ತದೆ. ಆಗ ಬೆಂಡೆ ಗಿಡದ ಕಾಂಡ ಜಜ್ಜಿ ನೀರಿನಲ್ಲಿ ನೆನೆಸಿ ತೆಗೆದ ಲೋಳೆಯನ್ನು ಸುರಿಯುತ್ತಾರೆ. ಲೋಳೆ ಕೊಳೆಯ ಕಣಗಳನ್ನು ತನಗೆ ಅಂಟಿಸಿಕೊಂಡು ಮೇಲಕ್ಕೆ ತರುತ್ತದೆ. ಉದ್ದನೆಯ ಜಾಲರಿ ಸೌಟಿನಿಂದ ಅದನ್ನು ತೆಗೆಯುವುದಷ್ಟೇ ಕೆಲಸ. ಹುಳಿಯನ್ನು ತಗ್ಗಿಸಲು ಸ್ವಲ್ಪ ಸುಣ್ಣದ ತಿಳಿನೀರು. ಹೊಲಸು ಹೋಗಿ ಹಾಲು ತಿಳಿಯಾದ ಮೇಲೆ ಉರಿ ಜೋರು ಮಾಡುತ್ತಾರೆ. ನೊರೆ ಉಕ್ಕಿ ಕೊಪ್ಪರಿಗೆ ಮೀರುವಂತಾದಾಗ ತುಸು ಶೇಂಗಾ ಎಣ್ಣೆ ಹನಿಸಿದರೆ ತಗ್ಗುತ್ತದೆ. ಬಣ್ಣ ಹಳದಿಯಿಂದ ಕೆಂಪಿಗೆ ತಿರುಗುವ ಈ ಹೊತ್ತಿನಲ್ಲೇ ಬೆಲ್ಲದ ಪರಿಮಳ ಹುಟ್ಟುವುದು. ರಸದಲ್ಲಿರುವ ಅಮೈನೋ ಆಮ್ಲಗಳೂ ಸಕ್ಕರೆಯೂ ಬೆಂಕಿಯಲ್ಲಿ ಸೇರಿ ನೂರಾರು ಸುವಾಸನೆಯ ವಸ್ತುಗಳಾಗುತ್ತವೆ. ಮೇಪಲ್ ರಸಕ್ಕೆ ವಾಸನೆ ಬರುವುದೂ ಕುದಿಯಲ್ಲೇ. ಮರದಿಂದ ಇಳಿದಾಗ ಅದು ಬರೀ ಸಪ್ಪೆ ನೀರಿನಂತಿರುತ್ತದೆ.

ಪಾಕ ಎರಡು ದಾರಿ ಹಿಡಿಯುವುದು ಇಲ್ಲಿಂದ. ಪೆಂಟಿ ಬೇಕಾದರೆ 118 ಡಿಗ್ರಿಯ ಆಚೆಗೆ ಕುದಿಸುತ್ತಾರೆ. ತಣ್ಣೀರಿನಲ್ಲಿ ಬಿಟ್ಟ ಪಾಕ ಬೆರಳಿಗೆ ಗಟ್ಟಿ ಉಂಡೆಯಾಗಿ ಸಿಕ್ಕರೆ ಕೊಪ್ಪರಿಗೆ ಇಳಿಸಿ, ತಿರುವಿ, ಅಚ್ಚಿಗೆ ಸುರಿಯುತ್ತಾರೆ. ಒಂದು ಟನ್ ಕಬ್ಬಿಗೆ 100ರಿಂದ 120 ಕಿಲೊ ಬೆಲ್ಲ. ಕಾಕಂಬಿ ಬೇಕಾದರೆ ಅದಕ್ಕಿಂತ ಬಹಳ ಮೊದಲೇ, ಪಾಕ ಸೌಟಿನಿಂದ ದಪ್ಪ ಧಾರೆಯಾಗಿ ಇಳಿಯುವಾಗಲೇ ತೆಗೆಯಬೇಕು. ಇಲ್ಲಿ ತಪ್ಪಿಗೆ ಎಡೆ ಕಡಿಮೆ. ಬೇಗ ತೆಗೆದರೆ ನೀರಿನಂಶ ಉಳಿದು ವಾರಗಳಲ್ಲಿ ಹುಳಿಯುತ್ತದೆ. ತಡವಾದರೆ ತಳದಲ್ಲಿ ಹರಳುಗಟ್ಟುತ್ತದೆ. ಹರಳಾಗದಂತೆ ತಡೆಯಲು ಕಿಲೊಗೆ 400 ಮಿಲಿಗ್ರಾಂ ಸಿಟ್ರಿಕ್ ಆಮ್ಲ ಬೆರೆಸುವ ಪದ್ಧತಿಯನ್ನು ಕೃಷಿ ವಿಜ್ಞಾನಿಗಳು ಹೇಳುತ್ತಾರೆ. ಹುಳಿ ತಗುಲಿದಾಗ ಸಕ್ಕರೆಯ ಒಂದಂಶ ಗ್ಲೂಕೋಸ್, ಫ್ರಕ್ಟೋಸ್‌ಗಳಾಗಿ ಒಡೆದು ಹರಳುಗಟ್ಟುವುದು ನಿಲ್ಲುತ್ತದೆ. ಲಿಂಬೆಹುಳಿ ಹಿಂಡುವ ಮನೆಗಳು ಮಾಡುವುದೂ ಅದನ್ನೇ. ಇಳಿಸಿದ ಪಾಕವನ್ನು ಎಂಟು-ಹತ್ತು ದಿನ ಅಲ್ಲಾಡಿಸದೆ ಇಟ್ಟರೆ ಉಳಿದ ಗಸಿ ಕೆಳಗಿಳಿದು ಮೇಲಿನದು ಜೇನಿನಷ್ಟು ತಿಳಿಯಾಗುತ್ತದೆ. ಅದನ್ನು ಮತ್ತೆ ಸೋಸಿ ಕಾಯಿಸಿದ ಬಾಟಲಿಗೆ ತುಂಬಬೇಕು.

ಬೆಲ್ಲಕ್ಕೆ ಬಂದ ದೊಡ್ಡ ಕೇಡು ಬಣ್ಣದ ವ್ಯಾಮೋಹದಿಂದ ಬಂದದ್ದು. ನೈಸರ್ಗಿಕ ಬೆಲ್ಲ ಕಂದು ಅಥವಾ ಕಡುಗೆಂಪು. ಪೇಟೆಯಲ್ಲಿ ದರ ಸಿಗುವುದು ಬಂಗಾರದ ಹಳದಿಗೆ. ಆ ಹಳದಿಗಾಗಿ ಸೋಡಿಯಂ ಹೈಡ್ರೋಸಲ್ಫೈಟ್ ಎಂಬ, ಗಾಣದವರು ಹೈಡ್ರೋಸ್ ಎನ್ನುವ ಪುಡಿಯನ್ನು ಪಾಕಕ್ಕೆ ಹಾಕುವುದು ರೂಢಿಯಾಗಿದೆ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ 70 ಪಿಪಿಎಂ ಮೀರಬಾರದು ಎಂದು ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಅಂದಾಜಿನಲ್ಲಿ ಮುಷ್ಟಿ ತುಂಬಿ ಹಾಕುವ ಕಡೆ ಆ ಮಿತಿಯನ್ನು ಅಳೆಯುವವರಿಲ್ಲ. ಹೀಗೆ ಬಂದ ಹಳದಿ ಬಾಳುವುದೂ ಇಲ್ಲ, ಕೆಲವು ತಿಂಗಳಲ್ಲಿ ಬೆಲ್ಲ ಮತ್ತೆ ಕಪ್ಪಾಗುತ್ತದೆ. ಕಬ್ಬಿನ ಹಾಲಿಗೆ ಸಕ್ಕರೆ ಬೆರೆಸಿ ಬೆಲ್ಲ ತೆಗೆಯುವುದು ಇನ್ನೊಂದು ಮೋಸ. ಇದರ ಹೊಣೆ ಗಾಣದವನ ಮೇಲಷ್ಟೇ ಹಾಕಲಾಗದು. ಕಪ್ಪು ಬೆಲ್ಲವನ್ನು ಕಂಡು ಮುಖ ತಿರುಗಿಸುವ ಕೊಳ್ಳುಗನೂ ಇದರಲ್ಲಿ ಪಾಲುದಾರ.

ಮೇಪಲ್ ಸೀಮೆಯವರು ಈ ವಿಷಯದಲ್ಲಿ ನಮಗಿಂತ ಬಹಳ ಮುಂದಿದ್ದಾರೆ. ಅಲ್ಲೂ ನಕಲಿಯ ಕಾಟವಿದೆ. ‘ಪ್ಯಾನ್‌ಕೇಕ್ ಸಿರಪ್’ ಎಂಬ ಹೆಸರಿನಲ್ಲಿ ಅಗ್ಗಕ್ಕೆ ಸಿಗುವುದು ಮೆಕ್ಕೆಜೋಳದ ಪಾಕಕ್ಕೆ ಬಣ್ಣ ಮತ್ತು ವಾಸನೆ ಕೂಡಿಸಿದ ಸರಕು. ಆ ಕೃತಕ ವಾಸನೆಗೆ ನಮ್ಮ ಮೆಂತ್ಯದ ಸಾರವನ್ನೂ ಬಳಸುತ್ತಾರೆ. ಮೆಂತ್ಯಕ್ಕೂ ಮೇಪಲ್‌ಗೂ ಸಮಾನವಾದ ಸೊಟೊಲಾನ್ ಎಂಬ ಸುವಾಸನೆಯ ವಸ್ತು ಅದರಲ್ಲಿದೆ. ಆದರೆ ಅಸಲಿಯನ್ನು ಗುರುತಿಸುವುದು ಅಲ್ಲಿ ಸುಲಭ: ಸೀಸೆಯ ಹಿಂದೆ ಮೇಪಲ್ ಸಿರಪ್ ಒಂದನ್ನು ಬಿಟ್ಟು ಬೇರಾವ ಪದಾರ್ಥದ ಹೆಸರೂ ಇರಕೂಡದು. ಬಣ್ಣವನ್ನು ಹೊಂಬಣ್ಣ, ಅಂಬರು, ಗಾಢ, ಅತಿಗಾಢ ಎಂದು ನಾಲ್ಕು ದರ್ಜೆ ಮಾಡಿದ್ದಾರೆ. ನಾಲ್ಕೂ ಮೊದಲ ದರ್ಜೆಯವೇ. ಗಾಢವಾದದ್ದು ಕೀಳಲ್ಲ, ಅದರ ರುಚಿ ಹೆಚ್ಚು ತೀವ್ರವಾಗಿರುತ್ತದೆ ಎಂದಷ್ಟೇ ಅರ್ಥ. ಜಗತ್ತಿನ ಮೇಪಲ್ ಸಿರಪ್ಪಿನಲ್ಲಿ ಸುಮಾರು ಶೇ 70 ಕೆನಡಾದ ಕ್ವಿಬೆಕ್ ಪ್ರಾಂತದ್ದು. ಅಲ್ಲಿ ಉತ್ಪಾದಕರು ಒಗ್ಗೂಡಿ ದರವನ್ನೂ ದಾಸ್ತಾನನ್ನೂ ತಾವೇ ನಿಯಂತ್ರಿಸುತ್ತಾರೆ.

ಕಾಕಂಬಿಗೆ ಇಂಥ ಯಾವ ಕಾವಲೂ ಇಲ್ಲ. ಬೆಲ್ಲದಲ್ಲಿ ತೇವಾಂಶ ಶೇ 10 ಮೀರಬಾರದೆಂಬ ನಿಯಮ ದ್ರವ ಬೆಲ್ಲಕ್ಕೆ ಅನ್ವಯಿಸುವುದಿಲ್ಲ. ಬಣ್ಣ, ಸಾಂದ್ರತೆಯ ದರ್ಜೆಗಳಿಲ್ಲ. ಊರಿನ ಹೆಸರೂ ಸಿಗುವುದಿಲ್ಲ. ಕೊಲ್ಹಾಪುರದ ಬೆಲ್ಲಕ್ಕೆ 2014ರಲ್ಲಿ, ಕೇರಳದ ಮರಯೂರು ಬೆಲ್ಲಕ್ಕೆ 2019ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ಬಂತು. ವಿದೇಶದ ಭಾರತೀಯ ಅಂಗಡಿಗಳಲ್ಲಿ ಕೊಲ್ಹಾಪುರಿ ಎಂಬ ಚೀಟಿಯ ಬೆಲ್ಲ ಸಲೀಸಾಗಿ ಸಿಗುತ್ತದೆ. ಮಹಾಲಿಂಗಪುರದ ಹೆಸರು ಹೊತ್ತ ಡಬ್ಬಿಗೆ ಹುಡುಕಬೇಕು. ಅಷ್ಟು ದೊಡ್ಡ ಪೇಟೆ ಇರುವ ಸೀಮೆಗೆ ಇದು ನ್ಯಾಯವಲ್ಲ. ಗಾಣದವರು ಒಂದಾಗಿ ತಮ್ಮ ಊರಿನ ಹೆಸರಿನಲ್ಲಿ ಸೀಸೆ ಮಾರಲು ಮುಂದಾದರೆ, ಬ್ಯಾರೇಜು ಕಟ್ಟಿದ ದಂಡೆಯ ಜನಕ್ಕೆ ಅದು ಅಸಾಧ್ಯದ ಕೆಲಸವೇನಲ್ಲ.

ಉಣ್ಣುವ ಬಗೆಗೆ ಹೆಚ್ಚಿನ ವಿವರಣೆ ಬೇಕಿಲ್ಲ. ಬಿಸಿ ಚಪಾತಿಗೆ ಕಾಕಂಬಿ, ಮೇಲೆ ತುಪ್ಪ. ಸಂಕ್ರಮಣದ ಸಜ್ಜಿ ರೊಟ್ಟಿಯ ಜೊತೆ ಬೆಣ್ಣೆ, ಕಾಕಂಬಿ. ದೋಸೆಗೆ ಬೆಳಗಿನ ಹೊತ್ತು. ಗೋಧಿ ಹುಗ್ಗಿಗೆ, ಮಾದಲಿಗೆ ಪೆಂಟಿ ಬೆಲ್ಲವೇ ಸರಿ; ಕಾಕಂಬಿ ಹಾಕಿದರೆ ಮಾದಲಿಯ ಪುಡಿ ಹಸಿಯಾಗಿ ಕೆಡುತ್ತದೆ. ಪರದೇಶದಲ್ಲಿ ಕಾಕಂಬಿ ಸಿಗದ ದಿನ ಅತಿಗಾಢ ಮೇಪಲ್ ಸಿರಪ್ಪು ದೋಸೆ, ಚಪಾತಿಗೆ ಚೆನ್ನಾಗಿ ಒಗ್ಗುತ್ತದೆ. ಹೂರಣಕ್ಕೆ ಮಾತ್ರ ಅದು ಆಗದು, ತೆಳುವು. ಅದರ ಮರದ ವಾಸನೆ ಕಡಲೆಬೇಳೆಯ ಜೊತೆ ಹೊಂದುವುದೂ ಇಲ್ಲ. ಎರಡನ್ನೂ ಔಷಧಿಯೆಂದು ಮಾರುವವರ ಮಾತಿಗೆ ಮರುಳಾಗಬೇಕಿಲ್ಲ. ಕಬ್ಬಿಣ, ಕ್ಯಾಲ್ಸಿಯಂ ಸ್ವಲ್ಪ ಇರುವುದು ನಿಜ. ಮಧುಮೇಹಿಗೆ ಇವೂ ಸಕ್ಕರೆಯೇ.

ಕೊಳ್ಳುವವರಿಗೆ ಕೆಲವು ಮಾತು. ಗಾಣದ ಹಂಗಾಮು ದೀಪಾವಳಿಯ ಆಚೀಚೆ ಶುರುವಾಗಿ ಬೇಸಿಗೆಯ ಆರಂಭದವರೆಗೆ ನಡೆಯುತ್ತದೆ; ಕಬ್ಬು ಚೆನ್ನಾಗಿ ಮಾಗಿರುವ ಜನವರಿ, ಫೆಬ್ರುವರಿಯ ಪಾಕ ಎಲ್ಲಕ್ಕಿಂತ ಮೇಲು. ಮುಂಚಿತವಾಗಿ ಗಾಣಕ್ಕೆ ಹೇಳಿಟ್ಟು, ಹೈಡ್ರೋಸ್ ಬೇಡ, ಬಣ್ಣ ಕಪ್ಪಾದರೂ ಚಿಂತೆಯಿಲ್ಲ ಎಂದು ಸ್ಪಷ್ಟವಾಗಿ ತಿಳಿಸಬೇಕು. ಗಾಜಿನ ಅಥವಾ ಸ್ಟೀಲಿನ ಒಣಗಿದ ಪಾತ್ರೆಯನ್ನು ಜೊತೆಗೊಯ್ಯಬೇಕು. ಹಸಿ ಚಮಚ ಒಂದು ಸಲ ಮುಳುಗಿದರೂ ಪಾಕ ಹುಳಿಯುತ್ತದೆ. ಪೆಂಟಿಯನ್ನು ಪರೀಕ್ಷಿಸಲು ಚೂರೊಂದನ್ನು ನೀರಿನಲ್ಲಿ ಕರಗಿಸಿ ನೋಡಿದರೆ, ಸುಣ್ಣದ ಪುಡಿ ಬೆರೆಸಿದ್ದಲ್ಲಿ ತಳದಲ್ಲಿ ಬಿಳಿ ಗಸಿ ನಿಲ್ಲುತ್ತದೆ. ವಿದೇಶಕ್ಕೆ ಒಯ್ಯುವವರು ಕಾಕಂಬಿಯನ್ನು ಕೈಚೀಲದಲ್ಲಿ ಇಡುವಂತಿಲ್ಲ, 100 ಮಿಲಿಲೀಟರ್ ಮೀರಿದ ದ್ರವಕ್ಕೆ ಅಲ್ಲಿ ಅವಕಾಶವಿಲ್ಲ. ಬಿಗಿಯಾಗಿ ಮುಚ್ಚಿ ದೊಡ್ಡ ಪೆಟ್ಟಿಗೆಯಲ್ಲಿಟ್ಟು, ಇಳಿದ ದೇಶದ ಕಸ್ಟಮ್ಸಿನಲ್ಲಿ ಆಹಾರ ಪದಾರ್ಥವಿದೆಯೆಂದು ಬರೆದು ತಿಳಿಸುವುದು ಕ್ಷೇಮ.