ಹಳೆಯ ಕಾರುಗಳ ಮುಂಭಾಗದ ಸಸ್ಪೆನ್ಷನ್, ಸ್ಟೀರಿಂಗ್ ಹಾಗೂ ಬ್ರೇಕ್ ಮಾರ್ಪಾಡು: ವಾಹನ ಮಾಲೀಕರ ಗಮನಕ್ಕೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಹಾಗೂ ಎಚ್.ಡಿ.ಕೋಟೆ ತಾಲ್ಲೂಕುಗಳ ಅನೇಕ ರೈತ ಕುಟುಂಬಗಳಲ್ಲಿ ತಂದೆ ಅಥವಾ ತಾತನ ಕಾಲದ ಅಂಬಾಸಿಡರ್, ಫಿಯೆಟ್, ಪದ್ಮಿನಿ ಕಾರುಗಳು ಹಾಗೂ ವಿಲ್ಲಿಸ್ ಮಾದರಿಯ ಜೀಪುಗಳು ಇಂದಿಗೂ ಉಳಿದಿವೆ. ಇವುಗಳಲ್ಲಿ ಕೆಲವು ಕೊಟ್ಟಿಗೆಯಲ್ಲಿ ನಿಂತಿವೆ. ಕೆಲವು ಕಟ್ಟೆಮಳಲವಾಡಿಯಂತಹ ಗ್ರಾಮಗಳಿಂದ ಹುಣಸೂರಿನ ಪೇಟೆಗೆ, ಜಾತ್ರೆಗೆ, ಮದುವೆಗೆ ಓಡಾಡುತ್ತಿವೆ. ಇಂತಹ ವಾಹನಗಳಿಗೆ ಡಿಸ್ಕ್ ಬ್ರೇಕ್, ಪವರ್ ಸ್ಟೀರಿಂಗ್, ಹೊಸ ಬಗೆಯ ಮುಂಭಾಗದ ಸಸ್ಪೆನ್ಷನ್ ಅಳವಡಿಸಿಕೊಳ್ಳಬಹುದೇ, ಅದಕ್ಕೆ ಅನುಮತಿ ಬೇಕೇ, ಅಳವಡಿಸಿಕೊಂಡ ನಂತರ ನೋಂದಣಿ ನವೀಕರಣಕ್ಕೆ ತೊಂದರೆಯಾಗುವುದೇ ಎಂಬ ಪ್ರಶ್ನೆಗಳು ಮಾಲೀಕರಿಗೆ ಸಹಜವಾಗಿ ಏಳುತ್ತವೆ. ಈ ಪ್ರಶ್ನೆಗಳಿಗೆ ಸಂಬಂಧಿಸಿದ ಕಾನೂನು ಹಾಗೂ ತಾಂತ್ರಿಕ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ದುರಸ್ತಿ ಯಾವುದು, ಮಾರ್ಪಾಡು ಯಾವುದು

ಮೋಟಾರು ವಾಹನಗಳ ಅಧಿನಿಯಮ, 1988ರ ಪ್ರಕರಣ 52ರ ಪ್ರಕಾರ, ನೋಂದಣಿ ಪ್ರಮಾಣಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಯಾವ ಮಾಲೀಕರೂ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ವಾಹನದ ಮೂಲ ಲಕ್ಷಣವು ಬದಲಾಗುವಂತೆ ಅದರ ರಚನೆಯಲ್ಲಿ ಮಾಡುವ ಬದಲಾವಣೆಯೇ ಮಾರ್ಪಾಡು ಎಂದು ಅದೇ ಪ್ರಕರಣದಲ್ಲಿ ವಿವರಿಸಲಾಗಿದೆ. 2019ರ ಜನವರಿಯಲ್ಲಿ ಮಾನ್ಯ ಸರ್ವೋಚ್ಚ ನ್ಯಾಯಾಲಯವು ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಇದೇ ನಿಲುವನ್ನು ಎತ್ತಿಹಿಡಿದಿದೆ. 2019ರ ತಿದ್ದುಪಡಿಯ ಮೂಲಕ ಸೇರ್ಪಡೆಯಾದ ಪ್ರಕರಣ 182ಎ(4)ರ ಅಡಿಯಲ್ಲಿ, ಅವಕಾಶವಿಲ್ಲದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಕಾರಾವಾಸ, ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಬಿಡಿಭಾಗಗಳನ್ನು ಹೊಸದಾಗಿ ಅಳವಡಿಸುವುದೂ ಇದರ ವ್ಯಾಪ್ತಿಗೆ ಬರುತ್ತದೆ. ದಂಡವು ವಾಹನಕ್ಕೆ ಒಂದರಂತೆ ಅಲ್ಲ, ಮಾರ್ಪಾಡಿಗೆ ಒಂದರಂತೆ ಎಂಬುದನ್ನು ಗಮನಿಸತಕ್ಕದ್ದು.

ಸವೆದ ಬುಷ್, ಟೈ ರಾಡ್ ಎಂಡ್, ಕಿಂಗ್ ಪಿನ್, ಬ್ರೇಕ್ ಶೂ, ವೀಲ್ ಸಿಲಿಂಡರ್, ಬ್ರೇಕ್ ಹೋಸ್ ಮುಂತಾದುವನ್ನು ಅದೇ ಮಾದರಿಯ ಹೊಸ ಭಾಗಗಳಿಂದ ಬದಲಾಯಿಸುವುದು ದುರಸ್ತಿಯೇ ಹೊರತು ಮಾರ್ಪಾಡಲ್ಲ. ಇದಕ್ಕೆ ಯಾವ ಅನುಮತಿಯೂ ಬೇಕಿಲ್ಲ. ಇದಕ್ಕೆ ತದ್ವಿರುದ್ಧವಾಗಿ, ಛಾಸಿಯನ್ನು ಅಥವಾ ಬಾಡಿಯನ್ನು ಕತ್ತರಿಸಿ ಬೇರೊಂದು ಕಾರಿನ ಮುಂಭಾಗದ ಸಸ್ಪೆನ್ಷನ್ ಜೋಡಿಸುವುದು ನಿಸ್ಸಂದೇಹವಾಗಿ ಮಾರ್ಪಾಡು. ಇವೆರಡರ ನಡುವೆ ಬರುವ ಕೆಲಸಗಳಲ್ಲಿಯೇ ಗೊಂದಲವಿರುವುದು. ಉದಾಹರಣೆಗೆ, ಡ್ರಮ್ ಬ್ರೇಕಿನ ಸ್ಥಾನದಲ್ಲಿ ಅದೇ ಕಂಪನಿಯ ನಂತರದ ಮಾದರಿಯ ಡಿಸ್ಕ್ ಬ್ರೇಕನ್ನು ಬೋಲ್ಟ್ ಮೂಲಕ ಜೋಡಿಸುವುದು. ಬ್ರೇಕಿನ ಬಗೆಯನ್ನು ಆರ್.ಸಿ.ಯಲ್ಲಿ ನಮೂದಿಸುವ ಪದ್ಧತಿ ಇಲ್ಲದ ಕಾರಣ ಇದು ಮಾರ್ಪಾಡಲ್ಲವೆಂದು ಕೆಲವು ಗ್ಯಾರೇಜುಗಳಲ್ಲಿ ಹೇಳಲಾಗುತ್ತದೆ. ಆ ಮಾತನ್ನೇ ನಂಬಿ ಮುಂದುವರಿಯುವುದು ಸೂಕ್ತವಲ್ಲ. ಕೆಲಸ ಆರಂಭಿಸುವ ಮೊದಲೇ ನೋಂದಣಿ ಪ್ರಾಧಿಕಾರಕ್ಕೆ ಲಿಖಿತ ಅರ್ಜಿ ಸಲ್ಲಿಸಿ, ಲಿಖಿತ ಉತ್ತರವನ್ನೇ ಪಡೆಯುವುದು ಕ್ಷೇಮ. ಅನುಮತಿ ಪಡೆದು ಮಾರ್ಪಾಡು ಮಾಡಿದಲ್ಲಿ, 14 ದಿನಗಳೊಳಗೆ ಆರ್.ಸಿ. ಸಹಿತ ಪ್ರಾಧಿಕಾರಕ್ಕೆ ವರದಿ ಮಾಡತಕ್ಕದ್ದು. ಅಪಘಾತವಾದ ಮೇಲೆ ವಿಮಾ ಕಂಪನಿಯು ತಕರಾರು ತೆಗೆದರೆ ಮಾಲೀಕರ ಕೈಯಲ್ಲಿ ಉಳಿಯುವುದು ಆ ಪತ್ರವೊಂದೇ.

ವಿಂಟೇಜ್ ನೋಂದಣಿ ಬಯಸುವವರು ಮೊದಲು ನಿರ್ಧರಿಸಬೇಕಾದ ವಿಷಯ

2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ಕ್ಕೆ ತಿದ್ದುಪಡಿ ತಂದು, ವಿಂಟೇಜ್ ಮೋಟಾರು ವಾಹನಗಳಿಗೆ ಪ್ರತ್ಯೇಕ ನೋಂದಣಿ ವ್ಯವಸ್ಥೆಯನ್ನು ಕಲ್ಪಿಸಲಾಗಿದೆ. ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲ ಸ್ವರೂಪದಲ್ಲಿಯೇ ಕಾಪಾಡಿಕೊಂಡು ಬಂದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಇದಕ್ಕೆ ಅರ್ಹ. ಅರ್ಜಿಯನ್ನು ನಮೂನೆ 20ರಲ್ಲಿ, ವಿಮಾ ಪಾಲಿಸಿ ಹಾಗೂ ಹಳೆಯ ಆರ್.ಸಿ.ಯೊಂದಿಗೆ ಸಲ್ಲಿಸತಕ್ಕದ್ದು, ವಾಹನವನ್ನು ವಿದೇಶದಿಂದ ತರಿಸಿದ್ದರೆ ಆಮದು ದಾಖಲೆಯನ್ನೂ ಲಗತ್ತಿಸತಕ್ಕದ್ದು. ಹೊಸ ನೋಂದಣಿಗೆ ರೂ. 20,000 ಹಾಗೂ ಮರುನೋಂದಣಿಗೆ ರೂ. 5,000 ಶುಲ್ಕವನ್ನು ಈ ನಿಯಮಗಳಲ್ಲಿ ಗೊತ್ತುಪಡಿಸಲಾಗಿದೆ. 60 ದಿನಗಳೊಳಗೆ ನಮೂನೆ 23ಎ ಪ್ರಮಾಣಪತ್ರ ನೀಡಬೇಕಾಗಿದ್ದು, ಅದು 10 ವರ್ಷ ಊರ್ಜಿತವಾಗಿರುತ್ತದೆ. ಈಗಾಗಲೇ ನೋಂದಣಿಯಾಗಿರುವ ವಾಹನವು ತನ್ನ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಹೊಸದಾಗಿ ನೋಂದಣಿಯಾಗುವ ವಾಹನಕ್ಕೆ ರಾಜ್ಯದ ಸಂಕೇತದ ನಂತರ ‘ವಿಎ’ ಅಕ್ಷರಗಳಿರುವ ಸಂಖ್ಯೆ ದೊರೆಯುತ್ತದೆ.

ಇಲ್ಲಿ ಎರಡು ಷರತ್ತುಗಳನ್ನು ಮಾಲೀಕರು ನಿಧಾನವಾಗಿ ಓದಿಕೊಳ್ಳಬೇಕು. ಒಂದು, ಛಾಸಿ, ಬಾಡಿ ಶೆಲ್ ಅಥವಾ ಎಂಜಿನ್‌ನಲ್ಲಿ ಬದಲಾವಣೆ ಮಾಡಿದ ವಾಹನವು ವಿಂಟೇಜ್ ಎನಿಸಿಕೊಳ್ಳುವುದಿಲ್ಲ. ಎರಡು, ವಿಂಟೇಜ್ ನೋಂದಣಿ ಪಡೆದ ವಾಹನವನ್ನು ದಿನನಿತ್ಯದ ಓಡಾಟಕ್ಕಾಗಲೀ ವಾಣಿಜ್ಯ ಉದ್ದೇಶಕ್ಕಾಗಲೀ ರಸ್ತೆಗೆ ಇಳಿಸುವಂತಿಲ್ಲ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವುದು, ನಿರ್ವಹಣೆ ಇವುಗಳಿಗೆ ಮಾತ್ರ ಅವಕಾಶವಿದೆ. ಆದ್ದರಿಂದ ಕಾರನ್ನು ಪ್ರತಿ ವಾರ ಪೇಟೆಗೆ ಒಯ್ಯಬೇಕೆನ್ನುವವರಿಗೆ ವಿಂಟೇಜ್ ನೋಂದಣಿ ಉಚಿತವಲ್ಲ. ಅವರು ಸಾಮಾನ್ಯ ನೋಂದಣಿಯನ್ನೇ ನವೀಕರಿಸಿಕೊಳ್ಳುವುದು ಸರಿ.

ಅಂಬಾಸಿಡರ್ ಮತ್ತು ಪದ್ಮಿನಿ ಕಾರುಗಳಿಗೆ ಜೀಪಿನಂತೆ ಪ್ರತ್ಯೇಕ ಛಾಸಿ ಚೌಕಟ್ಟು ಇರುವುದಿಲ್ಲ. ಬಾಡಿಯೇ ಭಾರ ಹೊರುವ ರಚನೆ. ಹೀಗಾಗಿ ಮುಂಭಾಗದಲ್ಲಿ ಹೊಸ ಸಸ್ಪೆನ್ಷನ್ ಕೂರಿಸಲು ಗ್ಯಾಸ್ ಕಟರ್ ಹಿಡಿದ ಕ್ಷಣವೇ ಬಾಡಿ ಶೆಲ್ ಬದಲಾಯಿತೆಂದು ತಿಳಿಯಬೇಕು. 1980ರಲ್ಲಿ ನೋಂದಣಿಯಾದ ಅಂಬಾಸಿಡರ್ 2030ರಲ್ಲಿ ವಿಂಟೇಜ್ ನೋಂದಣಿಗೆ ಅರ್ಹವಾಗುತ್ತದೆ. ಇಂದು ಒಂದು ದಿನದ ವೆಲ್ಡಿಂಗ್ ಕೆಲಸದಿಂದ ಆ ಅರ್ಹತೆಯನ್ನು ಶಾಶ್ವತವಾಗಿ ಕಳೆದುಕೊಂಡ ಮೇಲೆ ಅದನ್ನು ಮರಳಿ ಪಡೆಯುವ ಮಾರ್ಗವಿಲ್ಲ. ಬೋಲ್ಟ್ ಬಿಚ್ಚಿ ಮತ್ತೆ ಮೊದಲಿನಂತೆ ಜೋಡಿಸಬಹುದಾದ ಬದಲಾವಣೆಗಳನ್ನು ಮಾತ್ರ ಆರಿಸಿಕೊಂಡು, ತೆಗೆದ ಮೂಲ ಭಾಗಗಳನ್ನು ಗುಜರಿಗೆ ಹಾಕದೆ ಎಣ್ಣೆ ಸವರಿ ಇಟ್ಟುಕೊಳ್ಳುವುದು ವಿವೇಕ.

ಬ್ರೇಕ್

ವೇಗ ಎರಡರಷ್ಟಾದರೆ ನಿಲ್ಲಿಸಲು ಬೇಕಾಗುವ ದೂರ ಸುಮಾರು ನಾಲ್ಕರಷ್ಟಾಗುತ್ತದೆ. ಗಂಟೆಗೆ 30 ಕಿ.ಮೀ. ವೇಗದಲ್ಲಿ ಸಾಕೆನಿಸುವ ಬ್ರೇಕು ಮೈಸೂರು-ಹುಣಸೂರು ಹೆದ್ದಾರಿಯಲ್ಲಿ 60 ಕಿ.ಮೀ. ವೇಗದಲ್ಲಿ ಸಾಲದಾಗುವುದು ಇದರಿಂದಲೇ. ಹಳೆಯ ಕಾರು ಇಂದಿನ ವಾಹನಗಳ ನಡುವೆ ಓಡಬೇಕಾಗಿದೆ. ಮುಂದಿನ ಕಾರು ತಟ್ಟನೆ ನಿಂತರೆ ನಮ್ಮದೂ ನಿಲ್ಲಬೇಕು.

ಆದರೂ ಡಿಸ್ಕ್ ಬ್ರೇಕ್ ಬಗ್ಗೆ ಆಲೋಚಿಸುವ ಮೊದಲು, ಇರುವ ಡ್ರಮ್ ಬ್ರೇಕು ತಯಾರಾದಾಗ ಇದ್ದ ಸ್ಥಿತಿಯಲ್ಲಿದೆಯೇ ಎಂದು ಪರಿಶೀಲಿಸತಕ್ಕದ್ದು. ಹಳೆಯ ಕಾರುಗಳ ಬ್ರೇಕ್ ಶೂಗಳನ್ನು ಕೈಯಿಂದಲೇ ಅಡ್ಜಸ್ಟ್ ಮಾಡಬೇಕಾಗುತ್ತದೆ. ಈ ಕೆಲಸ ವರ್ಷಗಟ್ಟಲೆ ಆಗದಿರುವುದರಿಂದಲೇ ಪೆಡಲ್ ಕೆಳಗೆ ಇಳಿಯುತ್ತದೆ. ಡ್ರಮ್ ಅಂಡಾಕಾರವಾಗಿದ್ದರೆ ಲೇತ್‌ನಲ್ಲಿ ಸರಿಪಡಿಸಬಹುದು. ಮಿತಿ ಮೀರಿ ಸವೆದಿದ್ದರೆ ಬದಲಾಯಿಸಲೇಬೇಕು. ರಬ್ಬರ್ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡು ದ್ರವದ ದಾರಿಯನ್ನು ಮುಚ್ಚಿರುವುದುಂಟು. ಬ್ರೇಕ್ ಹಿಡಿದಾಗ ಕಾರು ಒಂದು ಬದಿಗೆ ಎಳೆಯುವುದು ಅನೇಕ ವೇಳೆ ಇದರ ಸೂಚನೆ. ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು ಇರುವ ಸಂಭವವಿರುವುದರಿಂದ ಡ್ರಮ್ಮಿನ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು. ಒದ್ದೆ ಬಟ್ಟೆಯಿಂದ ಒರೆಸಬೇಕು.

ಅತ್ಯಂತ ಅಪಾಯಕಾರಿಯಾದುದು ಒಂದೇ ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರ್. ಹಳೆಯ ಕಾರುಗಳಲ್ಲಿ ಸಾಮಾನ್ಯವಾಗಿ ನಾಲ್ಕೂ ಚಕ್ರಗಳಿಗೆ ಒಂದೇ ಕೊಳವೆ ಜಾಲವಿದ್ದು, ಒಂದು ವೀಲ್ ಸಿಲಿಂಡರ್ ಸೋರಿದರೂ ಪೆಡಲ್ ಪೂರ್ತಿ ಕೆಳಗೆ ಹೋಗುತ್ತದೆ. ಆಗ ಉಳಿಯುವುದು ಹ್ಯಾಂಡ್ ಬ್ರೇಕ್ ಮಾತ್ರ. ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಪ್ರತ್ಯೇಕ ಸರ್ಕ್ಯೂಟ್ ಇರುವ ಜೋಡಿ ಮಾಸ್ಟರ್ ಸಿಲಿಂಡರ್ ಅಳವಡಿಸಿದರೆ ಒಂದು ಕೆಟ್ಟರೂ ಇನ್ನೊಂದು ಕೆಲಸ ಮಾಡುತ್ತದೆ. ಪ್ರಾಧಿಕಾರದ ಒಪ್ಪಿಗೆ ಕೋರಿ ಒಂದೇ ಒಂದು ಬದಲಾವಣೆಯನ್ನು ಮಾಡಿಸಿಕೊಳ್ಳುವುದಾದರೆ, ಡಿಸ್ಕ್‌ಗಿಂತ ಮೊದಲು ಇದನ್ನೇ ಪರಿಗಣಿಸುವುದು ಉತ್ತಮ.

ಡಿಸ್ಕ್ ಬ್ರೇಕಿನ ಲಾಭವು ಇಳಿಜಾರಿನಲ್ಲಿ ಮತ್ತು ನೀರಿನಲ್ಲಿ ಕಾಣುತ್ತದೆ. ಕೊಡಗಿನ ಕಡೆಯಿಂದ ಇಳಿಯುವಾಗ ಡ್ರಮ್ ಕಾದು ಹಿಡಿತ ಕಳೆದುಕೊಳ್ಳಬಹುದು. ಡಿಸ್ಕ್ ಬೇಗ ತಣಿಯುತ್ತದೆ. ಲಕ್ಷ್ಮಣತೀರ್ಥ ನದಿಯ ಪಾತ್ರದ ಗ್ರಾಮಗಳಲ್ಲಿ ಮಳೆಗಾಲದ ಹಳ್ಳ, ನಾಲೆಯ ನೀರು ದಾಟಿದ ಮೇಲೆ ಡ್ರಮ್ಮಿನೊಳಗೆ ನೀರು ನಿಂತು ಬ್ರೇಕ್ ಹಿಡಿಯದಿರುವುದು ಎಲ್ಲ ಚಾಲಕರಿಗೂ ತಿಳಿದ ಸಂಗತಿ. (ಡ್ರಮ್ ಇರುವವರು ನೀರು ದಾಟಿದ ಕೂಡಲೇ ನಿಧಾನವಾಗಿ ಚಲಿಸುತ್ತಾ ಪೆಡಲನ್ನು ಹಗುರವಾಗಿ ಒತ್ತಿ ಒಣಗಿಸಿಕೊಳ್ಳತಕ್ಕದ್ದು.) ಅಂಬಾಸಿಡರ್‌ನ ನಂತರದ ಕೆಲವು ಮಾದರಿಗಳಲ್ಲಿ ತಯಾರಕರೇ ಮುಂದಿನ ಡಿಸ್ಕ್ ನೀಡಿದ್ದರಿಂದ, 2014ರಲ್ಲಿ ಉತ್ತರಪಾರಾ ಕಾರ್ಖಾನೆಯಲ್ಲಿ ಉತ್ಪಾದನೆ ನಿಂತ ಮೇಲೂ ಆ ಭಾಗಗಳನ್ನು ಹುಡುಕುವವರಿದ್ದಾರೆ.

ಆದರೆ ಡಿಸ್ಕನ್ನು ಮಾತ್ರ ತಂದು ಹಾಕಿದರೆ ಕೆಲಸ ಮುಗಿಯುವುದಿಲ್ಲ. ಡ್ರಮ್‌ನಲ್ಲಿ ಚಕ್ರದ ತಿರುಗುವಿಕೆಯೇ ಶೂ ಅನ್ನು ಒಳಗೆ ಎಳೆದು ಒತ್ತಡವನ್ನು ಹೆಚ್ಚಿಸುತ್ತದೆ. ಡಿಸ್ಕ್‌ನಲ್ಲಿ ಆ ಸಹಾಯವಿಲ್ಲ. ಆದ್ದರಿಂದ ಕಾಲಿನ ಬಲ ಹೆಚ್ಚು ಬೇಕಾಗುತ್ತದೆ ಅಥವಾ ವ್ಯಾಕ್ಯೂಮ್ ಬೂಸ್ಟರ್ ಬೇಕಾಗುತ್ತದೆ. ಡ್ರಮ್‌ಗಾಗಿ ತಯಾರಾದ ಮಾಸ್ಟರ್ ಸಿಲಿಂಡರ್‌ಗಳಲ್ಲಿ ಕೊಳವೆಯೊಳಗೆ ಸ್ವಲ್ಪ ಒತ್ತಡ ಉಳಿಸುವ ವಾಲ್ವ್ ಇರುವುದುಂಟು. ಅದನ್ನು ಹಾಗೆಯೇ ಬಿಟ್ಟರೆ ಡಿಸ್ಕಿನ ಪ್ಯಾಡ್ ಸದಾ ಉಜ್ಜುತ್ತಾ ಕಾಯುತ್ತದೆ. ಮುಂದಿನ ಬ್ರೇಕ್ ಬಲವಾದಾಗ ಹಿಂದಿನದರೊಡನೆ ಸಮತೋಲನವನ್ನು ಹೊಸದಾಗಿ ನೋಡಬೇಕು. ಹಿಂದಿನ ಚಕ್ರಗಳು ಮೊದಲು ಲಾಕ್ ಆದರೆ ಕಾರು ಅಡ್ಡಲಾಗಿ ತಿರುಗಿಬಿಡುತ್ತದೆ. ಡಾಟ್ 3 ಅಥವಾ ಡಾಟ್ 4 ದ್ರವದೊಂದಿಗೆ ಸಿಲಿಕೋನ್ ಬಗೆಯ ಡಾಟ್ 5 ದ್ರವವನ್ನು ಬೆರಸಬಾರದು.

ಸ್ಟೀರಿಂಗ್

ಕೇಂದ್ರ ನಿಯಮ 98ರ ಪ್ರಕಾರ ಸ್ಟೀರಿಂಗ್ ಚಕ್ರದಲ್ಲಿನ ಪ್ಲೇ 30 ಡಿಗ್ರಿ ಮೀರತಕ್ಕದ್ದಲ್ಲ. ಬಾಲ್ ಜಾಯಿಂಟ್‌ಗಳಿಗೆ ರಬ್ಬರ್ ಮುಚ್ಚಳ ಇರತಕ್ಕದ್ದು. ಬೋಲ್ಟ್ ಮತ್ತು ಪಿನ್ನುಗಳು ಸಡಿಲವಾಗದಂತೆ ಭದ್ರಪಡಿಸಿರತಕ್ಕದ್ದು. ಇದನ್ನು ಮಾಲೀಕರು ಮನೆಯಲ್ಲಿಯೇ ನೋಡಿಕೊಳ್ಳಬಹುದು. ಮುಂದಿನ ಚಕ್ರಗಳನ್ನು ನೇರವಾಗಿ ನಿಲ್ಲಿಸಿ, ಸ್ಟೀರಿಂಗ್ ಚಕ್ರದ ಅಂಚಿಗೆ ದಾರ ಕಟ್ಟಿ, ರಸ್ತೆ ಚಕ್ರ ಅಲುಗುವವರೆಗೆ ಎಡಕ್ಕೂ ಬಲಕ್ಕೂ ತಿರುಗಿಸಿ ಅಳೆಯಬೇಕು. 40 ಸೆಂ.ಮೀ. ಅಡ್ಡಳತೆಯ ಸ್ಟೀರಿಂಗ್‌ನಲ್ಲಿ 30 ಡಿಗ್ರಿ ಎಂದರೆ ಅಂಚಿನಲ್ಲಿ ಸುಮಾರು 10 ಸೆಂ.ಮೀ. ಇದು ಕಾನೂನಿನ ಗರಿಷ್ಠ ಮಿತಿ ಮಾತ್ರ. ರ‍್ಯಾಕ್ ಮತ್ತು ಪಿನಿಯನ್ ಬಗೆಯ ಅಂಬಾಸಿಡರ್‌ನಲ್ಲಿ ಅಷ್ಟು ಪ್ಲೇ ಕಂಡುಬಂದರೆ ಯಾವುದೋ ಭಾಗ ಪೂರ್ತಿ ಸವೆದಿದೆ ಎಂದೇ ತಿಳಿಯಬೇಕು.

ಸ್ಟೀರಿಂಗ್ ಭಾರವಾಗಿದೆ ಎಂಬ ಕಾರಣಕ್ಕೆ ಪವರ್ ಸ್ಟೀರಿಂಗ್ ಬಯಸುವವರು ಮೊದಲು ಗ್ರೀಸ್, ಗಾಳಿಯ ಒತ್ತಡ ಮತ್ತು ಅಲೈನ್‌ಮೆಂಟ್ ನೋಡಿಸಿಕೊಳ್ಳಲಿ. ಅನೇಕರಿಗೆ ಅಷ್ಟೇ ಸಾಕಾಗುತ್ತದೆ. ಬೇರೆ ಕಾರಿನ ರ‍್ಯಾಕ್ ಜೋಡಿಸುವಲ್ಲಿ ಒಂದು ಸೂಕ್ಷ್ಮವಿದೆ. ಚಕ್ರ ಮೇಲೆ ಕೆಳಗೆ ಆಡುವಾಗ ಸಸ್ಪೆನ್ಷನ್ ತೋಳು ಮತ್ತು ಟೈ ರಾಡ್ ಒಂದೇ ಬಗೆಯ ಕಮಾನಿನಲ್ಲಿ ಚಲಿಸಬೇಕು. ರ‍್ಯಾಕ್ ಎತ್ತರ ಅಥವಾ ಉದ್ದ ಹೆಚ್ಚುಕಡಿಮೆಯಾದರೆ, ಗುಂಡಿಗೆ ಬಿದ್ದ ಪ್ರತಿ ಸಲವೂ ಚಕ್ರ ತಾನಾಗಿಯೇ ಪಕ್ಕಕ್ಕೆ ತಿರುಗುತ್ತದೆ. ಹಳ್ಳಿಯ ರಸ್ತೆಯಲ್ಲಿ ಇದು ಎಂತಹ ಅಪಾಯವೆಂದು ವಿವರಿಸಬೇಕಾಗಿಲ್ಲ.

ಸ್ಟೀರಿಂಗ್ ಆರ್ಮ್, ಡ್ರ್ಯಾಗ್ ಲಿಂಕ್, ಟೈ ರಾಡ್, ಸ್ಟಬ್ ಆಕ್ಸಲ್ ಇವುಗಳಿಗೆ ಯಾವ ಕಾರಣಕ್ಕೂ ವೆಲ್ಡಿಂಗ್ ಮಾಡಿಸಬಾರದು, ಕಾಯಿಸಿ ಬಗ್ಗಿಸಬಾರದು. ನೇಗಿಲು, ಟ್ರೇಲರ್ ಚೆನ್ನಾಗಿ ವೆಲ್ಡ್ ಮಾಡುವ ಅದೇ ಕುಶಲ ಕೈಯೂ ಇಲ್ಲಿ ಸಲ್ಲದು. ಕಾದ ಉಕ್ಕು ತನ್ನ ಗಟ್ಟಿತನವನ್ನು ಕಳೆದುಕೊಂಡು, ಹೊರಗೆ ಏನೂ ತೋರದೆ, ಒಂದು ದಿನ ಮುರಿಯುತ್ತದೆ.

ಮುಂಭಾಗದ ಸಸ್ಪೆನ್ಷನ್

ಅಂಬಾಸಿಡರ್‌ನ ಮುಂಭಾಗ ಉದ್ದನೆಯ ಟಾರ್ಷನ್ ಬಾರ್‌ಗಳ ಮೇಲೆ, ಪದ್ಮಿನಿಯದು ಕಾಯಿಲ್ ಸ್ಪ್ರಿಂಗ್ ಮೇಲೆ, ಜೀಪಿನದು ಅಖಂಡ ಆಕ್ಸಲ್ ಮತ್ತು ಲೀಫ್ ಸ್ಪ್ರಿಂಗ್ ಮೇಲೆ ನಿಂತಿರುತ್ತದೆ. ಈ ವಿನ್ಯಾಸಗಳು ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಬಾಳಿ ಬಂದಿವೆ. ಹೊಸ ಬುಷ್, ಹೊಸ ಶಾಕ್ ಅಬ್ಸಾರ್ಬರ್ ಹಾಗೂ ನಾಲ್ಕೂ ಚಕ್ರಗಳಿಗೆ ಒಂದೇ ಬಗೆಯ ಟೈರು ಹಾಕಿಸಿದರೆ ಚಾಲನೆಯಲ್ಲಿ ಕಾಣುವ ವ್ಯತ್ಯಾಸಕ್ಕೆ ಹೋಲಿಸಿದರೆ, ಬಾಡಿ ಕತ್ತರಿಸಿ ಮಾಡುವ ಬದಲಾವಣೆಯಿಂದ ದೊರೆಯುವ ಹೆಚ್ಚಿನ ಲಾಭ ಅಲ್ಪ. ರೇಡಿಯಲ್ ಮತ್ತು ಹಳೆಯ ಕ್ರಾಸ್‌ಪ್ಲೈ ಟೈರುಗಳನ್ನು ಒಂದೇ ಆಕ್ಸಲ್‌ನಲ್ಲಿ ಬೆರಸಬಾರದು. ಕಾಯಿಲ್ ಸ್ಪ್ರಿಂಗನ್ನು ಕಂಪ್ರೆಸರ್ ಉಪಕರಣವಿಲ್ಲದೆ ಬಿಚ್ಚಲು ಹೋಗಬಾರದು. ಒತ್ತಡದಲ್ಲಿರುವ ಸ್ಪ್ರಿಂಗ್ ಸಿಡಿದರೆ ಎದುರಿಗಿದ್ದವರ ಪ್ರಾಣಕ್ಕೆ ಕುತ್ತು.

ನೋಂದಣಿ ನವೀಕರಣ ಮತ್ತು ಪರಿಶೀಲನೆ

ಸಾರಿಗೇತರ ವಾಹನದ ನೋಂದಣಿ 15 ವರ್ಷ ಊರ್ಜಿತವಿದ್ದು, ನಂತರ ಪ್ರತಿ ಬಾರಿ 5 ವರ್ಷಕ್ಕೆ ನವೀಕರಿಸಲಾಗುತ್ತದೆ. ಅವಧಿ ಮುಗಿಯುವ 60 ದಿನಗಳೊಳಗಾಗಿ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ಮೋಟಾರು ವಾಹನ ನಿರೀಕ್ಷಕರ ಮುಂದೆ ಹಾಜರುಪಡಿಸತಕ್ಕದ್ದು. ಮೇಲ್ಕಂಡ ನಾಲ್ಕು ತಾಲ್ಲೂಕುಗಳ ಮಾಲೀಕರು ಕೆಎ 45 ಸಂಕೇತದ ಹುಣಸೂರು ಸಾರಿಗೆ ಕಚೇರಿಯಲ್ಲಿ ವಿಚಾರಿಸಬಹುದು. ಹಳೆಯ ಆರ್.ಸಿ. ಪುಸ್ತಕದ ವಿವರಗಳು ‘ವಾಹನ್’ ಗಣಕ ವ್ಯವಸ್ಥೆಗೆ ಸೇರದಿದ್ದಲ್ಲಿ ಮೊದಲು ಅದನ್ನು ದಾಖಲು ಮಾಡಿಸಿಕೊಳ್ಳಬೇಕು. ನವೀಕರಣ ಶುಲ್ಕವೂ 15 ವರ್ಷ ಮೀರಿದ ವಾಹನಗಳ ಹಸಿರು ತೆರಿಗೆಯೂ ಕಾಲಕಾಲಕ್ಕೆ ಪರಿಷ್ಕರಣೆಯಾಗುವುದರಿಂದ ಹಣ ಪಾವತಿಸುವ ದಿನದ ದರವನ್ನು ಖಚಿತಪಡಿಸಿಕೊಳ್ಳತಕ್ಕದ್ದು.

ಮಾರ್ಪಾಡಿನ ಅನುಮತಿ ಕೋರುವ ಅರ್ಜಿಯೊಂದಿಗೆ ಆರ್.ಸಿ., ಚಾಲ್ತಿಯಲ್ಲಿರುವ ವಿಮೆ, ವಾಯುಮಾಲಿನ್ಯ ತಪಾಸಣಾ ಪತ್ರಗಳಲ್ಲದೆ, ಯಾವ ಭಾಗವನ್ನು ತೆಗೆದು ಯಾವ ವಾಹನದ ಯಾವ ಭಾಗವನ್ನು ಹಾಕಲಾಗುವುದು ಎಂಬ ವಿವರ ಹಾಗೂ ಬದಲಾವಣೆಗೆ ಮೊದಲಿನ ಛಾಯಾಚಿತ್ರಗಳನ್ನು ಇರಿಸುವುದು ಅನುಕೂಲ. ಭಾಗಗಳನ್ನು ಖರೀದಿಸಿದ ರಸೀದಿಗಳನ್ನು ಕಾಪಾಡಿಕೊಳ್ಳುವುದು. ಒಪ್ಪಿಗೆ ದೊರೆತು ಕೆಲಸ ಮುಗಿದ ಮೇಲೆ ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯುವುದು. ಬ್ರೇಕ್ ಬಿಚ್ಚಿ ಜೋಡಿಸಿದ ವಾಹನವನ್ನು ಮೊದಲ ಬಾರಿ ಸಮತಟ್ಟಾದ ಖಾಲಿ ಜಾಗದಲ್ಲಿ, ಹ್ಯಾಂಡ್ ಬ್ರೇಕ್ ಪರೀಕ್ಷಿಸಿಕೊಂಡು ಚಾಲಿಸತಕ್ಕದ್ದು. ಬ್ರೇಕ್ ಕೆಟ್ಟಿರುವ ವಾಹನವನ್ನು ಪರಿಶೀಲನೆಗೆಂದು ಓಡಿಸಿಕೊಂಡು ಬರದೆ, ಬೇರೊಂದು ವಾಹನದ ಮೇಲೆ ಹೇರಿಕೊಂಡು ತರುವಂತೆ ಕೋರಲಾಗಿದೆ.